ಪರಾಜಯಗಳಲ್ಲಿ ಕನ್ನಡನಾಡಿನ ಪಾಲು: ಒಲಿಂಪಿಕ್ ಕಾಲ್ಚೆಂಡಾಟ, 1948–1956

ಗದಗ-ಬೆಟಗೇರಿಯ ಕ್ರೀಡಾಪ್ರಿಯರು ರಾಷ್ಟ್ರತಂಡದ ಮಾತು ಬಂದಾಗಲೆಲ್ಲ ಅಭಿಮಾನದಿಂದ ಸ್ಮರಿಸುವ ತಮ್ಮೂರಿನ ಸುನಿಲ್ ಜೋಶಿಯವರು, ತಮ್ಮ ಇಪ್ಪತ್ತಾರನೆಯ ಜನ್ಮದಿನವಾದ 1996ರ ಜೂನ್ 6ರಂದು ಬರ್ಮಿಂಗ್‌ಹ್ಯಾಮಿನಲ್ಲಿ ಇಂಗ್ಲೆಂಡಿನ ವಿರುದ್ಧ ಆಡತೊಡಗಿದ ಪ್ರಥಮ ಟೆಸ್ಟ್ ಪಂದ್ಯವು ಭಾರತಕ್ಕೆ ಎಂಟು ವಿಕೆಟ್‌ಗಳ ಸೋಲಿನಲ್ಲಿ ಮುಗಿಯಿತು. ಅದಕ್ಕೆ ಸುಮಾರು ಅರ್ಧ ಶತಮಾನದ ಪೂರ್ವದಲ್ಲಿಯೇ, ಕಾಲ್ಚೆಂಡಾಟದಲ್ಲಿ ಭಾರತವು ಪರದೇಶೀಯ ತಂಡಗಳಿಂದ ಅನುಭವಿಸಿದ ಪ್ರಸಿದ್ಧ ಪರಾಜಯಗಳೊಡನೆ ಕನ್ನಡನಾಡಿನ ಹೆಸರು ಬೆಸೆದುಕೊಂಡಿತ್ತು. ಆ ಸಂಬಂಧಕ್ಕೆ ನಮ್ಮ ಕ್ರೀಡಾಸಾಹಿತ್ಯದಲ್ಲಿ ತಕ್ಕ ಸ್ಥಾನ ದೊರೆಯದಿರುವುದು ನನಗೆ ವ್ಯಥೆಯ ಸಂಗತಿ.

ಸ್ವತಂತ್ರ ಭಾರತದ ತಂಡವು ತನ್ನ ಮೊದಲ ಒಲಿಂಪಿಕ್ ಪಂದ್ಯವನ್ನು 1948ರ ಜುಲೈ 31ರಂದು ಲಂಡನ್ನಿನ ಸಮೀಪದ ಇಲ್ಫರ್ಡಿನಲ್ಲಿ ಫ್ರಾನ್ಸಿನೊಡನೆ ಆಡಿತು. ತಾಲಿಮೆರೆನ್ ಆವೊ ನಾಯಕರಾಗಿದ್ದ ಆ ತಂಡದ ಬಹುತೇಕ ಆಟಗಾರರು ಬರಿಗಾಲಿನವರು. ಶೈಲೇನ್ ಮನ್ನಾ ಮತ್ತು ಮಹಾಬೀರ್ ಪ್ರಸಾದ್ ಅವರಿಗೆ ದೊರೆತ ಎರಡು ಪೆನಾಲ್ಟಿಗಳೂ ವ್ಯರ್ಥವಾದುವು. ಆದರೂ ಎಪ್ಪತ್ತನೆಯ ನಿಮಿಷದಲ್ಲಿ ಸಾರಂಗಪಾಣಿ ರಾಮನ್ ಗೋಲು ಹೊಡೆದು ಉಭಯ ಪಕ್ಷಗಳನ್ನು ಸಮಸ್ಥಿತಿಗೆ ತಂದರು. ಪಂದ್ಯವು ಮುಗಿಯಲು ಇನ್ನೇನು ಒಂದು ನಿಮಿಷವಿರುವಾಗ ಫ್ರೆಂಚರು ಮತ್ತೊಂದನ್ನು ಗಳಿಸಿ 2-1ರಿಂದ ಗೆದ್ದರು. ರಾಮನ್, 1946-47ರಲ್ಲಿ ಸಂತೋಷ್ ಟ್ರೋಫಿಯನ್ನು ಗೆದ್ದ ಮೈಸೂರು ಸಂಸ್ಥಾನದ ಆಟಗಾರರು.

ನಾಲ್ಕು ವರ್ಷಗಳ ತರುವಾಯ ಹೆಲ್ಸಿಂಕಿಯಲ್ಲಿ ಒದಗಿದುದು ಬೇರೆಯೇ ಪ್ರಮಾಣದ ಆಘಾತ. 1951ರ ಏಷ್ಯನ್ ಕ್ರೀಡಾಕೂಟದಲ್ಲಿ ಇರಾನನ್ನು ಸೋಲಿಸಿ ಸ್ವರ್ಣಪದಕವನ್ನು ಪಡೆದಿದ್ದ ತಂಡವು, 1952ರ ಜುಲೈ 15ರಂದು ಯುಗೊಸ್ಲಾವಿಯದೆದುರು 10-1ರಿಂದ ಪರಾಭವಗೊಂಡಿತು. ಝೆಬೆಕ್ ಎಂಬ ಒಬ್ಬನೇ ಆಟಗಾರನು ನಾಲ್ಕು ಗೋಲುಗಳನ್ನು ಹೊಡೆದನು. ಭಾರತದ ಏಕಮಾತ್ರ ಗೋಲು ಕೊನೆಯ ಗಳಿಗೆಯಲ್ಲಿ ಬೆಂಗಳೂರಿನ ಅಹಮದ್ ಖಾನರ ಕಾಲಿನಿಂದ ಬಂದಿತು. ಹೀಗೆ ಎರಡು ಒಲಿಂಪಿಕ್ ಸೋಲುಗಳಲ್ಲಿ ಭಾರತವು ಗಳಿಸಿದ ಎರಡು ಗೋಲುಗಳೂ ಮೈಸೂರು ನಾಡಿನವರವೇ.

ಈ ಸೋಲಿನ ಬಳಿಕ ಬೂಟು ಕಡ್ಡಾಯವಾಯಿತು; ಬರಿಗಾಲೇ ಸಕಲ ಅನರ್ಥಗಳಿಗೂ ಮೂಲವೆಂಬ ಅಭಿಪ್ರಾಯವೂ ಬೇರೂರಿತು. ನಾನಿದನ್ನು ಒಪ್ಪಲಾರೆ. ಬರಿಗಾಲಿನ ತಂಡವು ಇಲ್ಫರ್ಡಿನಲ್ಲಿ ಸೋತದ್ದು ಒಂದೇ ಗೋಲಿನಿಂದ. ಬೂಟು ಕಡ್ಡಾಯವಾದ ಮೇಲೆ, 1955ರ ಸೆಪ್ಟೆಂಬರಿನಲ್ಲಿ ಮಾಸ್ಕೋದಲ್ಲಿ ಸೋವಿಯತ್ ತಂಡದಿಂದ ಉಂಡ ಸೋಲು 11-1. ಹೆಲ್ಸಿಂಕಿಯಲ್ಲಿ ಎದುರಿಗಿದ್ದವರಾದರೂ ಸಾಮಾನ್ಯರಲ್ಲ, ಹಂಗೇರಿಯೊಡನೆ ಅಂತಿಮ ಪಂದ್ಯವಾಡಿ ರಜತಪದಕವನ್ನು ಪಡೆದವರು. ಯುರೋಪಿನ ಸುಸಂಘಟಿತ ಆಟದ ಅಭ್ಯಾಸ ನಮ್ಮವರಿಗೆ ಇರಲಿಲ್ಲವೆಂಬುದೇ ಮುಖ್ಯ ಕಾರಣವೆಂದು ನನ್ನ ನಿರ್ಣಯ.

ಈ ಎರಡು ಒಲಿಂಪಿಕ್ ಸೋಲುಗಳ ಕಾಲಕ್ಕೆ ಗದಗ, ಮುಂಡರಗಿಗಳೂ, 1948ರವರೆಗೆ ದೇಶೀಯ ಸಂಸ್ಥಾನಗಳಿಗೆ ಸೇರಿದ್ದ ಶಿರಹಟ್ಟಿ, ಲಕ್ಷ್ಮೇಶ್ವರಗಳೂ ಮುಂಬಯಿಯ ಆಡಳಿತದಲ್ಲಿದ್ದುವು. ರಾಮನ್, ಅಹಮದ್ ಖಾನರು ಈ ಭಾಗದವರಿಗೆ ಭಾಷೆಯಿಂದ ನೆರೆಯವರಾದರೂ ರಾಜ್ಯದಿಂದ ಹೊರಗಿನವರು. 1956ರ ನವೆಂಬರ್ 1ರಂದು ಏಕೀಕರಣವಾಗಿ, ಮೂರೇ ವಾರಗಳಲ್ಲಿ ಮೆಲ್ಬೋರ್ನ್ ಒಲಿಂಪಿಕ್ ಕೂಟವು ಆರಂಭಗೊಂಡಾಗ, ಭಾರತದ ತಂಡದಲ್ಲಿದ್ದ ಬೆಂಗಳೂರಿನ ಕೆಂಪಯ್ಯನವರು ಗದಗಿನವರಿಗೂ ಸ್ವರಾಜ್ಯದವರೇ ಆಗಿದ್ದರು. ಆಸ್ಟ್ರೇಲಿಯವನ್ನು 4-2ರಿಂದ ಗೆದ್ದ ತಂಡವು ಡಿಸೆಂಬರ್ 4ರ ಉಪಾಂತ್ಯದಲ್ಲಿ ಮತ್ತೆ ಯುಗೊಸ್ಲಾವಿಯವನ್ನೇ ಎದುರಿಸಿತು. ನೆವಿಲ್ ಡಿಸೋಜಾ ಮೊದಲ ಗೋಲನ್ನು ಹೊಡೆದು ಭಾರತವನ್ನು ಮುಂದಕ್ಕೊಯ್ದರು. ಆಮೇಲೆ ನಾಲ್ಕು ಗೋಲುಗಳು ಎದುರಾಳಿಗಳ ಪಾಲಾದುವು. ಕಂಚಿನ ಪದಕದ ಪಂದ್ಯದಲ್ಲಿ ಬಲ್ಗೇರಿಯ 3-0ರಿಂದ ಗೆದ್ದಿತು. ಭಾರತಕ್ಕೆ ದೊರೆತುದು ನಾಲ್ಕನೆಯ ಸ್ಥಾನ. 1960ರ ರೋಮ್ ಕೂಟದ ಅನಂತರ ನಮ್ಮ ಕಾಲ್ಚೆಂಡಾಟದ ತಂಡವು ಒಲಿಂಪಿಕ್ ಅಂಗಣವನ್ನು ಪ್ರವೇಶಿಸಿಯೇ ಇಲ್ಲ.