ಹರಿದ ಅಕ್ಷಿಪಟಲವೂ ರೋಗಿಯ ವಿಶ್ರಾಂತಿಯೂ: ಒಂದು ಚಾರಿತ್ರಿಕ ವಿವೇಚನೆ

ವೈದ್ಯಶಾಸ್ತ್ರದ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಉಪಕರಣಗಳ ಚರಿತ್ರೆಯನ್ನೋ ಅವುಗಳನ್ನು ನಿರ್ಮಿಸಿದವರ ಚರಿತ್ರೆಯನ್ನೋ ಬರೆಯುತ್ತಾರೆ. ಚಿಕಿತ್ಸೆ ಮುಗಿದ ಮೇಲೆ ರೋಗಿಯು ಎಷ್ಟು ದಿನ ಮಲಗಿದ್ದನು, ಏತಕ್ಕಾಗಿ ಮಲಗಿದ್ದನು ಎಂಬ ಪ್ರಶ್ನೆಗಳು ಅಡಿಟಿಪ್ಪಣಿಯವರೆಗೆ ಬರುವುದೂ ಅಪೂರ್ವ. ಕಣ್ಣಿನ ಅಕ್ಷಿಪಟಲದಲ್ಲಿ ಹರಕು ಕಾಣಿಸಿಕೊಂಡವನು ಇಂದು ಲೇಸರ್ ಚಿಕಿತ್ಸೆ ಪಡೆದು ಅದೇ ದಿನ ತನ್ನ ಕಾಲಮೇಲೆ ಮನೆಗೆ ನಡೆದು ಹೋಗುತ್ತಾನೆ. ಇವನ ಮುತ್ತಜ್ಜನ ಕಾಲದಲ್ಲಿ ಅಂಥ ರೋಗಿಯು ಕತ್ತಲೆಯ ಕೋಣೆಯಲ್ಲಿ ವಾರಗಟ್ಟಲೆ ಅಲುಗಾಡದೆ ಮಲಗಿ, ಬಹುಮಟ್ಟಿಗೆ ಕುರುಡನಾಗಿಯೇ ಎದ್ದು ಬರುತ್ತಿದ್ದನು. ಲೇಸರ್ ಬಂದುದರಿಂದಲೇ ಈ ಬಿಡುಗಡೆ ದೊರೆಯಿತೆಂಬುದು ಜನಜನಿತವಾದ ಮಾತು. ಈ ಮಾತು ಅರ್ಧ ಮಾತ್ರ ನಿಜವೆಂದೂ, ಹಾಸಿಗೆಯ ಆಳ್ವಿಕೆ ಮುಗಿದುದು ಯಂತ್ರಕ್ಕಿಂತ ಮೊದಲು ಹುಟ್ಟಿದ ಒಂದು ವಿಚಾರದಿಂದಲೆಂದೂ ತೋರಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಮೊದಲು ವ್ಯಾಧಿಯ ಸ್ವರೂಪವನ್ನು ಸ್ಥೂಲವಾಗಿ ಅರಿಯಬೇಕು. ಅಕ್ಷಿಪಟಲವು ಕಣ್ಣುಗುಡ್ಡೆಯ ಹಿಂಭಾಗದ ಒಳಮೈಗೆ ಹಾಸಿಕೊಂಡಿರುವ ಅತಿ ತೆಳುವಾದ ನರಪದರ. ಕಣ್ಣಿನೊಳಗಿನ ಲೋಳೆಯಂತಹ ಕಾಚಕರಸವು ವಯಸ್ಸಾದಂತೆ ಕುಗ್ಗಿ ಅಕ್ಷಿಪಟಲದಿಂದ ಬಿಡಿಸಿಕೊಳ್ಳುತ್ತದೆ. ಎಲ್ಲಿ ಅಂಟು ಬಲವಾಗಿದೆಯೋ ಅಲ್ಲಿ ಎಳೆದು, ಕುದುರೆಲಾಳದ ಆಕಾರದಲ್ಲಿ ಹರಿಯುವುದೂ ಉಂಟು. ರೋಗಿಗೆ ನೋವಿಲ್ಲ. ಕಣ್ಣಂಚಿನಲ್ಲಿ ಮಿಂಚು ಹೊಡೆದಂತಾಗುತ್ತದೆ, ನೊಣಗಳು ಹಾರಿದಂತೆ ಕಪ್ಪು ಚುಕ್ಕೆಗಳು ತೇಲುತ್ತವೆ. ಆ ಹರಕಿನ ಮೂಲಕ ದ್ರವವು ಹಿಂದಕ್ಕೆ ನುಗ್ಗಿದರೆ, ಗೋಡೆಯ ಸುಣ್ಣದ ಹಕ್ಕಳೆಯಂತೆ ಅಕ್ಷಿಪಟಲವು ಕಳಚಿಕೊಳ್ಳುತ್ತದೆ. ಆಗ ಒಂದು ಪರದೆ ಇಳಿದಂತೆ ದೃಷ್ಟಿ ಮುಚ್ಚುತ್ತ ಬರುತ್ತದೆ.

1851ರಲ್ಲಿ ಹೆಲ್ಮ್‌ಹೋಲ್ಟ್ಸನು ನೇತ್ರದರ್ಶಕವನ್ನು ಪ್ರಕಟಪಡಿಸಿದ ಮೇಲೆ ಜೀವಂತ ಕಣ್ಣಿನ ಒಳಗನ್ನು ನೋಡುವುದು ಸಾಧ್ಯವಾಯಿತು. ಎರಡೇ ವರ್ಷಗಳಲ್ಲಿ, ಎಂದರೆ 1853ರಲ್ಲಿ, ಕೊಕ್ಸಿಯಸನು ಅಕ್ಷಿಪಟಲದ ಹರಕನ್ನು ವರ್ಣಿಸಿದನು. ಆದರೆ ಕಂಡುದಕ್ಕೆ ಅರ್ಥ ಹಚ್ಚಲು ಇನ್ನೂ ಎರಡು ತಲೆಮಾರು ಹಿಡಿಯಿತು. ಹರಕು ಕಾರಣವೋ ಕಾರ್ಯವೋ ಎಂಬ ವಿವಾದ ನಡೆಯುತ್ತಲೇ ಇತ್ತು. ಹೆಚ್ಚಿನವರು ಅದನ್ನು ಕಳಚುವಿಕೆಯ ಪರಿಣಾಮವೆಂದೇ ಬಗೆದರು. ಕಾರಣ ತಿಳಿಯದೆ ಇದ್ದಾಗ ವೈದ್ಯನಿಗೆ ಉಳಿಯುವ ಮಾರ್ಗ ವಿಶ್ರಾಂತಿಯೊಂದೇ. 1875ರಲ್ಲಿ ಸಾಮೆಲ್‌ಜೋನನು ಒತ್ತುಪಟ್ಟಿಯೊಡನೆ ಶಯ್ಯಾವಿಶ್ರಾಂತಿಯನ್ನು ವಿಧಿಸಿದನು. ಅಲ್ಲಿಂದ ಮುಂದೆ ಎರಡೂ ಕಣ್ಣಿಗೆ ಕಟ್ಟು, ಕತ್ತಲೆಯ ಕೋಣೆ, ಬೆನ್ನಮೇಲೆ ಶಯನ ಇವು ರೂಢಿಯಾಗಿ ಬೇರೂರಿದುವು.

ಈ ಪದ್ಧತಿಯನ್ನು ಬರಿಯ ಅಜ್ಞಾನವೆಂದು ತಳ್ಳಿಹಾಕುವುದು ನ್ಯಾಯವಲ್ಲ. ಕಣ್ಣು ಓಡಾಡದೆ ನಿಂತರೆ ಒಳಗಿನ ದ್ರವದ ತುಯ್ದಾಟ ಕಡಿಮೆಯಾಗುತ್ತದೆ. ಹರಕಿನ ಮೂಲಕ ನುಗ್ಗುವ ದ್ರವ ಅಲ್ಪವಾಗಿ, ಆಗಲೇ ನುಗ್ಗಿದ್ದುದನ್ನು ಹಿಂದಿನ ಪದರವು ಹೀರಿಕೊಳ್ಳುತ್ತದೆ. ಹೀಗಾಗಿ ಕಟ್ಟು ಬಿಚ್ಚಿದಾಗ ಅಕ್ಷಿಪಟಲವು ಎಷ್ಟೋ ವೇಳೆ ನಿಜವಾಗಿಯೂ ತನ್ನ ಸ್ಥಾನಕ್ಕೆ ಮರಳಿರುತ್ತಿತ್ತು. ರೋಗಿ ಹಿಗ್ಗುತ್ತಿದ್ದನು, ವೈದ್ಯನೂ ಹಿಗ್ಗುತ್ತಿದ್ದನು. ಆದರೆ ಹರಕು ಹಾಗೆಯೇ ಉಳಿದಿದ್ದುದರಿಂದ ಎದ್ದು ಓಡಾಡಿದ ಕೆಲವೇ ದಿನಗಳಲ್ಲಿ ಪರದೆ ಮತ್ತೆ ಇಳಿಯುತ್ತಿತ್ತು. ವಿಶ್ರಾಂತಿ ಸಾಲದಾಯಿತೆಂದು ಇನ್ನಷ್ಟು ವಿಶ್ರಾಂತಿಯನ್ನು ವಿಧಿಸುತ್ತಿದ್ದರು. ಅರೆಬರೆ ಫಲ ಕೊಡುವ ಚಿಕಿತ್ಸೆಯು ನಿಷ್ಫಲವಾದ ಚಿಕಿತ್ಸೆಗಿಂತ ಹೆಚ್ಚು ಕಾಲ ಬಾಳುವುದಕ್ಕೆ ಇದೊಂದು ಒಳ್ಳೆಯ ನಿದರ್ಶನ.

ನ್ಯೂಯಾರ್ಕಿನ ಪತ್ರಿಕೋದ್ಯಮಿ ಜೋಸೆಫ್ ಪುಲಿಟ್ಜರನ ಜೀವನದಲ್ಲಿ ಈ ಪದ್ಧತಿಯ ಕ್ರೌರ್ಯವನ್ನು ಕಾಣಬಹುದು. 1887ರ ನವೆಂಬರಿನಲ್ಲಿ, ತನ್ನ 40ನೆಯ ವಯಸ್ಸಿನಲ್ಲಿ, ಸಂಪಾದಕೀಯದ ಹಾಳೆಯನ್ನು ಕೈಗೆತ್ತಿಕೊಂಡವನಿಗೆ ಅಕ್ಷರಗಳು ಕಾಣಿಸಲಿಲ್ಲ. ಆರು ವಾರಗಳ ಕಾಲ ಕತ್ತಲೆಯ ಕೋಣೆಯಲ್ಲಿರಬೇಕೆಂದು ವೈದ್ಯರು ವಿಧಿಸಿದರು. ಅದು ಅಕ್ಷಿಪಟಲದ ಕಳಚುವಿಕೆಯಾಗಿದ್ದಿತೆಂದು ಅವನ ಚರಿತ್ರಕಾರರು ಗುರುತಿಸಿದ್ದಾರೆ. ಕೋಣೆಯಿಂದ ಹೊರಬಂದರೂ ಕಣ್ಣು ಬರಲಿಲ್ಲ. 1890ರಲ್ಲಿ ಸಂಪಾದಕತ್ವವನ್ನು ಬಿಟ್ಟನು. 1911ರಲ್ಲಿ ಸಾಯುವವರೆಗೆ, ತನ್ನ ಪತ್ರಿಕೆಯನ್ನೂ ಇತರರು ಓದಿ ಹೇಳಿದುದನ್ನು ಕೇಳಿಯೇ ನಡೆಸಬೇಕಾಯಿತು. ಹಣಕ್ಕೂ ವೈದ್ಯರಿಗೂ ಅವನಿಗೆ ಕೊರತೆಯಿರಲಿಲ್ಲವೆಂಬುದನ್ನು ನೆನಪಿಡತಕ್ಕದ್ದು. 1912ರಲ್ಲಿ ಅಮೆರಿಕದ ವೈದ್ಯ ವೇಲ್ ಎಂಬಾತನು ತನ್ನ ದೇಶದ ನೇತ್ರವೈದ್ಯರ ಅನುಭವವನ್ನು ಸಂಗ್ರಹಿಸಿದಾಗ, ಗುಣಹೊಂದುವವರು ಸಾವಿರಕ್ಕೆ ಒಬ್ಬರೆಂದು ತಿಳಿದುಬಂದಿತು.

ಈ ಚಿತ್ರವನ್ನು ಬದಲಾಯಿಸಿದವನು ಸ್ವಿಟ್ಜರ್ಲೆಂಡಿನ ಲೊಸಾನ್ ನಗರದ ಜೂಲ್ಸ್ ಗೊನಿನ್ (1870–1935). ಹರಕೇ ಕಾರಣ, ಹರಕನ್ನು ಮುಚ್ಚಿದರೆ ಮಾತ್ರ ರೋಗ ನಿಲ್ಲುವುದು ಎಂಬುದು ಅವನ ವಾದ. ಕೇಳಲು ಇಷ್ಟೇ. ಆದರೆ ಅದನ್ನು ಆಚರಣೆಗೆ ತರಬೇಕಾದರೆ ಹರಕು ಎಲ್ಲಿದೆಯೆಂಬುದನ್ನು ಕರಾರುವಾಕ್ಕಾಗಿ ಗುರುತಿಸಿ, ಕಣ್ಣಿನ ಹೊರಮೈಯಲ್ಲಿ ಅದಕ್ಕೆ ಸರಿಯಾದ ಬಿಂದುವನ್ನು ಲೆಕ್ಕಹಾಕಿ, ಅಲ್ಲಿ ಬಿಳಿಯ ಪದರವನ್ನು ಸೀಳಿ ಕಾಯಿಸಿದ ಉಪಕರಣದಿಂದ ಸುಡಬೇಕಾಗಿತ್ತು. ಸುಟ್ಟ ಗಾಯ ಮಾಯುವಾಗ ಉಂಟಾಗುವ ಕಲೆಯೇ ಅಕ್ಷಿಪಟಲವನ್ನು ಹಿಂದಿನ ಪದರಕ್ಕೆ ಬೆಸೆಯುತ್ತಿತ್ತು. ಗೊನಿನನು ಸುಮಾರು 1919ರಿಂದ ಈ ಶಸ್ತ್ರಕ್ರಿಯೆಯನ್ನು ನಡೆಸುತ್ತ ಬಂದರೂ ವಿದ್ವಲ್ಲೋಕವು ಹತ್ತು ವರ್ಷ ಅನುಮಾನದಿಂದಲೇ ನೋಡಿತು. 1929ರ ಆಮ್‌ಸ್ಟರ್‌ಡಾಮ್ ಅಂತರರಾಷ್ಟ್ರೀಯ ನೇತ್ರವೈದ್ಯ ಸಮ್ಮೇಳನದಲ್ಲಿ ಅವನ ಮತಕ್ಕೆ ಮನ್ನಣೆ ದೊರೆಯಿತು. ಸಾವಿರಕ್ಕೊಂದು ಇದ್ದ ಗುಣದ ಪ್ರಮಾಣ ಸುಮಾರು ಅರ್ಧಕ್ಕೆ ಏರಿತು. ನಮ್ಮ ವಿಷಯದಲ್ಲಿ ನಿಜವಾದ ಗಡಿರೇಖೆ ಇದೇ. ಆಮೇಲೆ ಬಂದ ವಿದ್ಯುತ್ತು, ಶೈತ್ಯ, ಬೆಳಕು ಇವೆಲ್ಲ ಗೊನಿನನ ಕಾದ ಮೊನೆಗೆ ಬದಲಾಗಿ ಬಂದ ಸಾಧನಗಳು. ಅವುಗಳ ಹಿಂದಿನ ವಿಚಾರ ಅವನದೇ.

ಆದರೂ ರೋಗಿ ಹಾಸಿಗೆಯಿಂದ ಏಳಲಿಲ್ಲ. ವಿಶ್ರಾಂತಿಯ ಅರ್ಥ ಮಾತ್ರ ಬದಲಾಯಿತು. ಮೊದಲು ಅದೇ ಚಿಕಿತ್ಸೆಯಾಗಿತ್ತು. ಈಗ ಅದು ಚಿಕಿತ್ಸೆಯ ಕಾವಲಾಯಿತು. ಶಸ್ತ್ರಕ್ರಿಯೆಯ ಅನಂತರ ತಲೆಯ ಎರಡು ಪಕ್ಕಗಳಲ್ಲೂ ಮರಳಿನ ಚೀಲಗಳನ್ನಿಟ್ಟು, ಎರಡು ಕಣ್ಣಿಗೂ ಕಟ್ಟು ಹಾಕಿ, ಉಣ್ಣಿಸುವುದಕ್ಕೂ ದಾದಿಯರನ್ನಿಡುವ ವಾಡಿಕೆ ದಶಕಗಳ ಕಾಲ ನಡೆಯಿತು. ಓದುವಾಗ ಕಣ್ಣು ಸಾಲಿನಿಂದ ಸಾಲಿಗೆ ಜಿಗಿಯುವುದರಿಂದ ಓದುವುದೂ ನಿಷಿದ್ಧವಾಗಿತ್ತು. 1949ರಲ್ಲಿ ಜರ್ಮನಿಯ ಕುಸ್ಟೋಡಿಸನೂ, 1951ರಿಂದ ಬಾಸ್ಟನ್ನಿನಲ್ಲಿ ಬೆಲ್ಜಿಯಂ ಮೂಲದ ಶಾರ್ಲ್ ಶೆಪೆನ್ಸನೂ ಕಣ್ಣಿನ ಹೊರಗೋಡೆಯನ್ನು ಒಳಕ್ಕೆ ಒತ್ತಿ ಹಿಡಿಯುವ ಪಟ್ಟಿಯ ವಿಧಾನವನ್ನು ರೂಢಿಗೆ ತಂದಮೇಲೆ, ರೋಗಿಯನ್ನು ಬೇಗ ಎಬ್ಬಿಸುವ ಧೈರ್ಯ ವೈದ್ಯರಿಗೆ ಬಂದಿತು. ಇದು ಲೇಸರಿಗೆ ಮುಂಚಿನ ಮಾತೆಂಬುದು ಗಮನಾರ್ಹ. ಆದರೆ ಆಸ್ಪತ್ರೆಯ ರೂಢಿಗಳು ಶಾಸ್ತ್ರದಷ್ಟು ಬೇಗ ಬದಲಾಗವು. ಮುಂದೆ ಬ್ರಿಟನ್ನಿನ ಪ್ರಧಾನಿಯಾದ ಗಾರ್ಡನ್ ಬ್ರೌನನು 1967ರಲ್ಲಿ, 16ರ ಹುಡುಗನಾಗಿ ರಗ್ಬಿ ಆಟದಲ್ಲಿ ಪೆಟ್ಟು ತಿಂದು ಅಕ್ಷಿಪಟಲ ಕಳಚಿದಾಗ, ಹಲವು ಶಸ್ತ್ರಕ್ರಿಯೆಗಳೊಡನೆ ವಾರಗಟ್ಟಲೆ ಕತ್ತಲೆಯ ಕೋಣೆಯಲ್ಲಿ ಮಲಗಬೇಕಾಯಿತು. ಎಡಗಣ್ಣು ಉಳಿಯಲಿಲ್ಲ. ಪುಲಿಟ್ಜರನಿಗೂ ಇವನಿಗೂ 80 ವರ್ಷಗಳ ಅಂತರ. ಕೋಣೆಯ ಕತ್ತಲೆ ಮಾತ್ರ ಅದೇ.

ಇನ್ನು ಬೆಳಕಿನ ಕಥೆ. ದಿಟ್ಟಿಸಿ ನೋಡಿದರೆ ಸೂರ್ಯನು ಕಣ್ಣನ್ನು ಸುಡುವನೆಂಬುದು ಪ್ರಾಚೀನರಿಗೆ ತಿಳಿದ ಸಂಗತಿ. ಗ್ರಹಣದ ಬಿಂಬವನ್ನು ನೀರಿನಲ್ಲಿ ನೋಡದವರು ಕಣ್ಣು ಕೆಡಿಸಿಕೊಳ್ಳುತ್ತಾರೆಂಬ ಮಾತನ್ನು ಪ್ಲೇಟೊ ‘ಫೀಡೊ’ ಸಂವಾದದಲ್ಲಿ ಸಾಕ್ರಟೀಸನ ಬಾಯಲ್ಲಿ ಆಡಿಸಿದ್ದಾನೆ. ತಟ್ಟೆಯ ಸಗಣಿನೀರಿನಲ್ಲಿ ಗ್ರಹಣ ನೋಡುವ ನಮ್ಮ ಹಳ್ಳಿಗಳ ವಾಡಿಕೆಯನ್ನು ಇದರೊಡನೆ ಹೋಲಿಸಬಹುದು. 1945ರ ಜುಲೈ 9ರಂದು ಸಂಭವಿಸಿದ ಸೂರ್ಯಗ್ರಹಣವನ್ನು ಬರಿಗಣ್ಣಿನಿಂದ ನೋಡಿದ ವೈದ್ಯಕೀಯ ವಿದ್ಯಾರ್ಥಿಯೊಬ್ಬನು ಹ್ಯಾಂಬರ್ಗಿನ ನೇತ್ರವೈದ್ಯ ಗೆರ್‌ಹಾರ್ಟ್ ಮೇಯರ್-ಶ್ವಿಕೆರಾಥನ ಬಳಿಗೆ ಬಂದನು. ಅವನ ಅಕ್ಷಿಪಟಲದ ನಡುವೆ ಸುಟ್ಟ ಕಲೆಯೊಂದಿತ್ತು. ಆ ಕಲೆಯು ಗೊನಿನನು ಶಸ್ತ್ರದಿಂದ ಉಂಟುಮಾಡುತ್ತಿದ್ದ ಕಲೆಯನ್ನೇ ಹೋಲುತ್ತದೆಂದು ಮೇಯರ್-ಶ್ವಿಕೆರಾಥನಿಗೆ ಹೊಳೆಯಿತು. ಕಣ್ಣನ್ನು ಸೀಳದೆ, ಪಾಪೆಯ ಮೂಲಕವೇ ಬೆಳಕನ್ನು ಹಾಯಿಸಿ ಹರಕಿನ ಅಂಚನ್ನು ಸುಡಬಹುದಲ್ಲವೆ? 1949ರ ಹೊತ್ತಿಗೆ ಅವನು ಕನ್ನಡಿಗಳ ಸಹಾಯದಿಂದ ಸೂರ್ಯನ ಕಿರಣವನ್ನು ಚಿಕಿತ್ಸಾಲಯದ ಮಾಳಿಗೆಯಿಂದ ರೋಗಿಯ ಕಣ್ಣಿಗೆ ತಂದನು. ಮೋಡ ಕವಿದ ದಿನ ಚಿಕಿತ್ಸೆಯಿಲ್ಲ; ಹ್ಯಾಂಬರ್ಗಿನಲ್ಲಿ ಮೋಡಕ್ಕೆ ಬರವಿಲ್ಲ. ಆದ್ದರಿಂದ ಇಂಗಾಲದ ಚಾಪದೀಪಕ್ಕೂ, 1950ರ ದಶಕದ ಉತ್ತರಾರ್ಧದಲ್ಲಿ ಜೈಸ್ ಸಂಸ್ಥೆ ನಿರ್ಮಿಸಿದ ಕ್ಸೆನಾನ್ ದೀಪಕ್ಕೂ ಅವನು ತಿರುಗಿದನು.

ಈ ವಿಧಾನದ ಒಂದು ಮಿತಿಯೇ ಚರಿತ್ರೆಯಲ್ಲಿ ದೊಡ್ಡ ಪರಿಣಾಮವನ್ನುಂಟುಮಾಡಿತೆಂಬುದು ನನ್ನ ಅಭಿಪ್ರಾಯ. ಬೆಳಕಿನ ಶಾಖವು ಹುಟ್ಟುವುದು ಅಕ್ಷಿಪಟಲದ ಹಿಂದಿನ ಕಪ್ಪು ವರ್ಣಕಣಗಳ ಪದರದಲ್ಲಿ. ನಡುವೆ ದ್ರವ ನಿಂತು ಅಕ್ಷಿಪಟಲ ಮೇಲೆದ್ದಿದ್ದರೆ ಬೆಸುಗೆ ಹಿಡಿಯದು. ಆದುದರಿಂದ ಹರಿದಿರುವ, ಆದರೆ ಇನ್ನೂ ಕಳಚದಿರುವ ಕಣ್ಣಿಗೇ ಬೆಳಕು ಹೆಚ್ಚು ಉಪಯುಕ್ತ. ಇದರಿಂದ ‘ಹರಕು’ ಎಂಬುದು ಕಳಚುವಿಕೆಯ ಮುನ್ನುಡಿಯಾಗಿ ಉಳಿಯದೆ, ತಾನೇ ಚಿಕಿತ್ಸೆಗೆ ಯೋಗ್ಯವಾದ ಒಂದು ವ್ಯಾಧಿಯಾಯಿತು. ದೃಷ್ಟಿ ಇನ್ನೂ ಚೆನ್ನಾಗಿರುವ, ನೋವೇ ಇಲ್ಲದ ಮನುಷ್ಯನು ರೋಗಿಯ ಪಟ್ಟಕ್ಕೆ ಬಂದನು. ರೋಗಿಯಿಂದ ಹಿಂದೆ ಬೇಡುತ್ತಿದ್ದುದು ನಿಶ್ಚಲತೆ. ಈಗ ಬೇಡಿದುದು ಸಕಾಲಕ್ಕೆ ಬರುವ ಎಚ್ಚರ.

1960ರ ಮೇ 16ರಂದು ಮೇಮನ್ ಎಂಬ ವಿಜ್ಞಾನಿಯು ಮಾಣಿಕ್ಯದ ಹರಳಿನಿಂದ ಮೊದಲ ಲೇಸರನ್ನು ಬೆಳಗಿಸಿದನು. 1961ರ ಕೊನೆಯ ವೇಳೆಗೇ ನ್ಯೂಯಾರ್ಕಿನಲ್ಲಿ ಅದನ್ನು ಮಾನವನ ಅಕ್ಷಿಪಟಲದ ಮೇಲೆ ಪ್ರಯೋಗಿಸಿದರು. ಪಂಜಾಬಿನಲ್ಲಿ ಹುಟ್ಟಿ ಕ್ಯಾಲಿಫೋರ್ನಿಯದಲ್ಲಿ ನೆಲೆಸಿದ ನರಿಂದರ್ ಸಿಂಗ್ ಕಪಾನಿಯವರೂ ಅವರ ಸಂಗಡಿಗರೂ 1963ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಈ ವಿಷಯವಾಗಿ ಬರೆದುದು ಭಾರತೀಯ ವಾಚಕರಿಗೆ ಸ್ವಾರಸ್ಯವಾದೀತು. ಕ್ಸೆನಾನ್ ಬೆಳಕಿಗೆ ಬೇಕಾಗಿದ್ದ ದೀರ್ಘಾವಧಿಯಲ್ಲಿ ಕಣ್ಣು ಕದಲದಂತೆ ಅದರ ಹಿಂದೆ ಸೂಜಿಮದ್ದು ಚುಚ್ಚಬೇಕಾಗಿತ್ತು. ಮಾಣಿಕ್ಯದ ಮಿಂಚು ಸೆಕೆಂಡಿನ ಸಾವಿರದೊಂದು ಭಾಗದೊಳಗೆ ಮುಗಿಯುತ್ತಿತ್ತು. ಆದರೆ ಅದರ ಕೆಂಪು ಬೆಳಕನ್ನು ರಕ್ತವು ಹೀರಿಕೊಳ್ಳದಿದ್ದುದು ತೊಡಕಾಯಿತು. 1968ರಲ್ಲಿ ಲೆಸ್ಪೆರಾನ್ಸ್ ಎಂಬ ವೈದ್ಯನು ಬಳಕೆಗೆ ತಂದ ಆರ್ಗಾನ್ ಲೇಸರಿನ ನೀಲಿಹಸುರು ಬೆಳಕು ಆ ತೊಡಕನ್ನು ನೀಗಿಸಿತು. ಈಗ ಹೆಚ್ಚಾಗಿ ಬಳಸುವುದು 532 ನ್ಯಾನೊಮೀಟರ್ ತರಂಗಾಂತರದ ಹಸುರು ಬೆಳಕನ್ನು.

ಇಂದಿನ ರೋಗಿಯ ಚೇತರಿಕೆಯನ್ನು ಈ ಹಿನ್ನೆಲೆಯಲ್ಲಿ ನೋಡಬೇಕು. ಪಾಪೆಯನ್ನು ಹನಿಮದ್ದಿನಿಂದ ಹಿಗ್ಗಿಸಿ, ಹರಿದ ಬಟ್ಟೆಯ ಅಂಚು ಹೊಲಿದಂತೆ ಹರಕಿನ ಸುತ್ತ ಎರಡು ಮೂರು ಸಾಲು ಬೆಳಕಿನ ಚುಕ್ಕೆಗಳನ್ನು ಇಡುತ್ತಾರೆ. ಕೆಲವು ನಿಮಿಷಗಳ ಕೆಲಸ. ಮುಗಿದೊಡನೆ ಕಣ್ಣು ಕೋರೈಸಿ, ಬಣ್ಣದ ಛಾಯೆ ಕವಿದಂತಾಗುತ್ತದೆ. ಕೆಲವು ಗಂಟೆ ಮಸುಕು, ಒಂದಿಷ್ಟು ನೋವು. ವಾಹನ ನಡೆಸದೆ ಮನೆಗೆ ಹೋಗಬೇಕು, ಅಷ್ಟೆ. ಆದರೆ ರೋಗಿ ತಿಳಿಯಬೇಕಾದುದು ಒಂದಿದೆ: ಮನೆಗೆ ಹೊರಟಾಗ ಬೆಸುಗೆ ಇನ್ನೂ ಕೂಡಿರುವುದಿಲ್ಲ. ಪ್ರಾಣಿಗಳ ಕಣ್ಣಿನ ಮೇಲೆ ನಡೆಸಿದ ಪ್ರಯೋಗಗಳಿಂದ ತಿಳಿದುಬರುವಂತೆ, ಸುಟ್ಟ ಮೊದಲ ಕೆಲವು ಗಂಟೆಗಳಲ್ಲಿ ಅಂಟು ಸಡಿಲವಾಗುತ್ತದೆ. ಒಂದು ದಿನ ಕಳೆಯುವುದರೊಳಗೆ ಬಲವಾಗತೊಡಗುತ್ತದೆ. ಗಟ್ಟಿಯಾದ ಕಲೆ ಬಲಿಯಲು ಸುಮಾರು ಎರಡು ವಾರ ಬೇಕು. ಭಾರ ಎತ್ತಬೇಡಿ, ಓಟ ಕುಸ್ತಿ ಬೇಡ ಎಂದು ಒಂದೆರಡು ವಾರಗಳ ಮಟ್ಟಿಗೆ ವೈದ್ಯರು ಹೇಳುವುದು ಇದಕ್ಕಾಗಿ. ಈ ನಿಷೇಧಗಳು ವೈದ್ಯರಿಂದ ವೈದ್ಯರಿಗೆ ಬೇರೆಬೇರೆಯಾಗಿರುವುದನ್ನು ನೋಡಿದರೆ, ಇವುಗಳಲ್ಲಿ ಪ್ರಯೋಗದ ಪಾಲಿನಷ್ಟೇ ಮರಳಿನ ಚೀಲದ ನೆನಪೂ ಇದೆಯೆಂದು ತೋರುತ್ತದೆ. ಓದುವುದಕ್ಕೆ ಮಾತ್ರ ಈಗ ಅಡ್ಡಿಯಿಲ್ಲ.

ಇನ್ನೊಂದು ಸಂಗತಿಯನ್ನು ತಿಳಿಯದೆ ಕಳವಳಪಡುವವರು ಬಹಳ. ಲೇಸರ್ ಹರಕನ್ನು ಹೊಲಿಯುವುದಿಲ್ಲ, ಅದರ ಸುತ್ತ ಕಟ್ಟೆ ಕಟ್ಟುತ್ತದೆ. ತೇಲುವ ಚುಕ್ಕೆಗಳು ಕಾಚಕರಸದಲ್ಲಿರುವುದರಿಂದ ಹಾಗೆಯೇ ಉಳಿಯುತ್ತವೆ. ಕಾಚಕರಸದ ಎಳೆತ ನಿಲ್ಲುವವರೆಗೆ ಮಿಂಚೂ ಆಗಾಗ ಕಾಣಬಹುದು. ಚಿಕಿತ್ಸೆ ವಿಫಲವಾಯಿತೆಂದು ಇದರ ಅರ್ಥವಲ್ಲ. ಮಿಂಚು ಚುಕ್ಕೆಗಳೊಡನೆ ಉಂಟಾದ ಹರಕನ್ನು ಹಾಗೆಯೇ ಬಿಟ್ಟರೆ ಅರ್ಧದಷ್ಟು ಮಂದಿಯಲ್ಲಾದರೂ ಅಕ್ಷಿಪಟಲ ಕಳಚುವುದು; ಸಕಾಲದಲ್ಲಿ ಚಿಕಿತ್ಸೆ ನಡೆದರೆ ಆ ಪ್ರಮಾಣ ನೂರಕ್ಕೆ 5ಕ್ಕಿಂತ ಕೆಳಗಿಳಿಯುತ್ತದೆ. ಆದರೆ ನೂರರಲ್ಲಿ 5ರಿಂದ 14 ಮಂದಿಗೆ ಮುಂದೆ ಹೊಸ ಹರಕುಗಳು ಉಂಟಾಗುವುದರಿಂದ, ಚುಕ್ಕೆಗಳು ಒಮ್ಮೆಲೇ ಮಳೆಗರೆದಂತೆ ಹೆಚ್ಚಿದರೆ ಅಥವಾ ಅಂಚಿನಿಂದ ನೆರಳು ಏರಿದರೆ ಅದೇ ದಿನ ವೈದ್ಯರಲ್ಲಿಗೆ ಓಡಬೇಕು.

ಬ್ರೌನನ ಬಲಗಣ್ಣಿನ ವೃತ್ತಾಂತವು ಇಲ್ಲಿ ಉಲ್ಲೇಖನಾರ್ಹ. ಎಡಿನ್‌ಬರೋ ವಿಶ್ವವಿದ್ಯಾನಿಲಯದ ವಿದ್ಯಾರ್ಥಿಯಾಗಿದ್ದಾಗ ಆ ಕಣ್ಣಿನಲ್ಲೂ ಅದೇ ಲಕ್ಷಣಗಳನ್ನು ಟೆನಿಸ್ ಆಡುತ್ತಿದ್ದಂತೆ ಅವನೇ ಗುರುತಿಸಿದನು. ಎಡಗಣ್ಣಿನ ಅನುಭವವಿದ್ದುದರಿಂದ ತಡಮಾಡಲಿಲ್ಲ. ಅಲ್ಲಿಯ ರಾಯಲ್ ಇನ್‌ಫರ್ಮರಿಯಲ್ಲಿ ಹೆಕ್ಟರ್ ಚಾವ್ಲಾ ಎಂಬ ವೈದ್ಯರು ನಡೆಸಿದ ಶಸ್ತ್ರಕ್ರಿಯೆಯಿಂದ ಕಣ್ಣು ಉಳಿಯಿತು. 2009ರಲ್ಲಿ, ಪ್ರಧಾನಿಯಾಗಿದ್ದಾಗ, ಅದೇ ಕಣ್ಣು ಮತ್ತೆ ಮಂಜಾಯಿತು. ಪರೀಕ್ಷೆಯಲ್ಲಿ ಅಕ್ಷಿಪಟಲದಲ್ಲಿ ಎರಡು ಸಣ್ಣ ಹರಕುಗಳು ಕಂಡುಬಂದುವು. ಸ್ಥಿತಿ ಹದಗೆಡದ ಹೊರತು ಆ ಕಣ್ಣನ್ನು ಮುಟ್ಟುವುದು ಬೇಡವೆಂದು ವೈದ್ಯರು ನಿರ್ಧರಿಸಿದರು.