ತೋಟಿ, ತಳವಾರ, ಮುಹ್ತಸಿಬ್: ಹೊಳೆದಂಡೆಯ ಊರುಗಳ ಕಾವಲಿನ ಚರಿತ್ರೆ

ಅರಕಲಗೂಡು ತಾಲ್ಲೂಕಿನ ರುದ್ರಪಟ್ಟಣವೆಂದೊಡನೆ ನಾಡಿನವರಿಗೆ ನೆನಪಾಗುವುದು ಸಂಗೀತ. ಆರ್.ಕೆ. ಶ್ರೀಕಂಠನ್ ಅವರು 1920ರಲ್ಲಿ ಜನಿಸಿದ್ದು ಈ ಊರಿನಲ್ಲಿ. ಕಾವೇರಿಯ ದಂಡೆಯಲ್ಲಿ ತಂಬೂರಿಯ ಆಕಾರದ ಮಂದಿರವೊಂದು ಎದ್ದಿರುವುದೂ ಆ ಪರಂಪರೆಯ ನೆನಪಿಗಾಗಿಯೇ. ಆದರೆ ಈ ಊರಿಗೂ ನೆರೆಯ ರಾಮನಾಥಪುರ, ಕಟ್ಟೇಪುರಗಳಿಗೂ ಇನ್ನೊಂದು ಚರಿತ್ರೆಯಿದೆ. ಅದು ಹೊಳೆಯೊಡನೆ ಬಾಳುವ ಚರಿತ್ರೆ. ಕುಶಾಲನಗರದ ಬಳಿಯ ಕೂಡಿಗೆಯಲ್ಲಿ ಹಾರಂಗಿಯು ಕಾವೇರಿಯನ್ನು ಸೇರುತ್ತದೆ. ಅಲ್ಲಿಂದ ಕನ್ನಂಬಾಡಿಯ ಹಿನ್ನೀರಿನವರೆಗೆ ದಂಡೆಯಲ್ಲಿರುವ ಊರುಗಳೆಲ್ಲ ಮಳೆಗಾಲವನ್ನು ಕೊಡಗಿನ ಕಡೆಗೆ ಕಿವಿಗೊಟ್ಟೇ ಕಳೆಯಬೇಕು. ಊರಿನಲ್ಲಿ ಹನಿ ಮಳೆಯಿಲ್ಲದ ದಿನವೂ ಹೊಳೆ ಕೆಂಪಾಗಿ ಏರಿ ಬರುವುದುಂಟು.

ಇಂಥ ಊರನ್ನು ಕಾಯುವ ಹೊಣೆ ಯಾರದು? ಇಂದು ಈ ಪ್ರಶ್ನೆಗೆ ಉತ್ತರವಾಗಿ ಐದಾರು ಇಲಾಖೆಗಳ ಹೆಸರು ಹೇಳಬೇಕಾಗುತ್ತದೆ. ಇನ್ನೂರು ವರ್ಷಗಳ ಹಿಂದೆ ಕೇಳಿದ್ದರೆ ಊರಿನವರು ಮೂವರನ್ನು ಬೆರಳು ಮಾಡಿ ತೋರಿಸುತ್ತಿದ್ದರು.

ಹಳೆಯ ಮೈಸೂರು ಸೀಮೆಯ ಹಳ್ಳಿಗಳಲ್ಲಿ ಹನ್ನೆರಡು ಮಂದಿ ಆಯಗಾರರಿದ್ದರು. ಗೌಡ, ಶಾನುಭೋಗರಿಂದ ಹಿಡಿದು ಕಮ್ಮಾರ, ಕುಂಬಾರ, ಅಗಸರವರೆಗೆ ಎಲ್ಲರಿಗೂ ಸುಗ್ಗಿಯ ಕಣದಲ್ಲಿ ಧಾನ್ಯದ ಪಾಲು ಸಲ್ಲುತ್ತಿತ್ತು. ಇವರಲ್ಲಿ ತಳವಾರನ ಕೆಲಸ ಕಳ್ಳತನ ಮೊದಲಾದ ಅಪರಾಧಗಳ ಸುಳಿವು ಹಿಡಿಯುವುದು ಮತ್ತು ಒಂದೂರಿನಿಂದ ಇನ್ನೊಂದೂರಿಗೆ ಹೋಗುವ ಪಯಣಿಗರನ್ನು ಸುರಕ್ಷಿತವಾಗಿ ತಲುಪಿಸುವುದು. ತೋಟಿ ಬೆಳೆಯನ್ನು ಕಾಯುತ್ತಿದ್ದ. ನೀರಗಂಟಿ ಕೆರೆ ಕಾಲುವೆಗಳ ನೀರನ್ನು ಹಂಚುತ್ತ, ತೂಬು ಏರಿಗಳ ಮೇಲೆ ಕಣ್ಣಿಟ್ಟಿರುತ್ತಿದ್ದ. ಪೊಲೀಸು, ಕಂದಾಯ, ನೀರಾವರಿ ಎಂದು ಇಂದು ನಾವು ಬೇರೆಬೇರೆಯಾಗಿ ಹೆಸರಿಸುವ ಮೂರು ಇಲಾಖೆಗಳು ಅಂದು ಒಂದೇ ಅರಳಿಕಟ್ಟೆಯ ಸುತ್ತ ಕುಳಿತಿದ್ದವು. ಏರಿ ಬಿರಿದುದನ್ನು ಇರುಳಿನಲ್ಲಿ ನೀರಗಂಟಿ ಕಂಡರೆ ಅವನು ಯಾರಿಗೂ ಪತ್ರ ಬರೆಯಬೇಕಾಗಿರಲಿಲ್ಲ.

ಈ ವ್ಯವಸ್ಥೆಯನ್ನು ಹಾಡಿ ಹೊಗಳುವ ಆಸೆ ನನಗಿಲ್ಲ. ಕಾಯುವವನು ಬಹುಪಾಲು ಊರಿನ ಅತ್ಯಂತ ಕೆಳಗಿನ ಮೆಟ್ಟಿಲಿನವನಾಗಿದ್ದ. ಆ ಕೆಲಸ ಅವನಿಗೆ ಹುಟ್ಟಿನಿಂದಲೇ ಅಂಟಿಕೊಂಡಿತ್ತು, ಬಿಡುವ ಸ್ವಾತಂತ್ರ್ಯವಿರಲಿಲ್ಲ. ಇಡೀ ಊರಿನ ಮನೆಗಳನ್ನು ಕಾದವನಿಗೆ ಆ ಮನೆಗಳ ಹೊಸಿಲು ದಾಟುವ ಹಕ್ಕಿರಲಿಲ್ಲ.

ಇದೇ ಪ್ರಶ್ನೆಯನ್ನು ಮದೀನಾ ನಗರ ಹೇಗೆ ಎದುರಿಸಿತ್ತೆಂಬುದನ್ನು ಇಲ್ಲಿ ನೋಡುವುದು ಉಚಿತ. ಹ. ಅನಸ್(ರ) ವರದಿ ಮಾಡಿರುವ ಘಟನೆಯೊಂದು ಸಹೀಹುಲ್ ಬುಖಾರಿಯಲ್ಲಿದೆ. ಒಂದು ರಾತ್ರಿ ಭಾರೀ ಸದ್ದು ಕೇಳಿ ಮದೀನಾದ ಜನ ಬೆಚ್ಚಿಬಿದ್ದರು. ಕೆಲವರು ಧೈರ್ಯ ಮಾಡಿ ಸದ್ದು ಬಂದ ದಿಕ್ಕಿಗೆ ಹೊರಟಾಗ ಪ್ರವಾದಿ(ಸ)ಯವರು ಎದುರಿನಿಂದ ಮರಳಿ ಬರುತ್ತಿದ್ದರು. ಅಬೂ ತಲ್‌ಹಾ(ರ)ರ ಕುದುರೆಯನ್ನು ಜೀನು ಕೂಡ ಹಾಕದೆ ಏರಿ, ಎಲ್ಲರಿಗಿಂತ ಮೊದಲೇ ಹೋಗಿ ನೋಡಿಕೊಂಡು ಬಂದು, ಭಯಪಡಬೇಕಾಗಿಲ್ಲವೆಂದು ಜನರನ್ನು ಸಂತೈಸಿದರು. ಕಾವಲು ಕೀಳಾದ ಕೆಲಸವೆಂಬ ಭಾವನೆಗೆ ಅಲ್ಲಿ ಎಡೆಯೇ ಇರಲಿಲ್ಲ. ಸಮುದಾಯದ ನಾಯಕರೇ ಮೊದಲ ಕಾವಲುಗಾರರಾಗಿದ್ದರು.

ಹ. ಉಮರ್(ರ)ರ ರಾತ್ರಿ ಗಸ್ತಿನ ಕಥೆಗಳನ್ನು ನಾವೆಲ್ಲ ಮದರಸದಲ್ಲಿ ಕೇಳಿಯೇ ಬೆಳೆದವರು. ಅವುಗಳಲ್ಲಿ ಒಂದನ್ನು ಮಾತ್ರ ಸ್ವಲ್ಪ ನಿಧಾನವಾಗಿ ನೋಡಬೇಕು. ವರ್ತಕರ ತಂಡವೊಂದು ಮದೀನಾಕ್ಕೆ ಬಂದು ಬಯಲಿನಲ್ಲಿ ತಂಗಿತ್ತು. ಅವರ ಸರಕು ಕಳುವಾಗದಂತೆ ಕಾಯಲು ಖಲೀಫರು ಹ. ಅಬ್ದುರ್‍ರಹ್ಮಾನ್ ಬಿನ್ ಔಫ್(ರ)ರನ್ನು ಜೊತೆಗೆ ಕರೆದುಕೊಂಡು ಹೋದರು. ಇಬ್ಬರೂ ನಮಾಝ್ ಮಾಡುತ್ತ ಇರುಳೆಲ್ಲ ಎಚ್ಚರವಾಗಿದ್ದರು. ನಡುವೆ ಮಗುವೊಂದರ ಅಳು ಕೇಳಿಸಿತು. ಉಮರ್(ರ) ಹೋಗಿ ತಾಯಿಗೆ ಬುದ್ಧಿ ಹೇಳಿ ಬಂದರು. ಮತ್ತೆ ಅಳು, ಮತ್ತೆ ಹೋದರು. ಕೊನೆಗೆ ಆ ತಾಯಿ, ತನ್ನೆದುರು ನಿಂತವರು ಯಾರೆಂದು ತಿಳಿಯದೆ, ನಿಜ ಸಂಗತಿ ಹೇಳಿದಳು. ಹಾಲು ಬಿಟ್ಟ ಮಕ್ಕಳಿಗೆ ಮಾತ್ರ ಉಮರ್ ಭತ್ಯೆ ಕೊಡುತ್ತಾರೆ. ಆದ್ದರಿಂದ ಮಗುವಿಗೆ ಬೇಗನೆ ಹಾಲು ಬಿಡಿಸಲು ಯತ್ನಿಸುತ್ತಿದ್ದೇನೆ. ಅಂದಿನ ಫಜ್ರ್ ನಮಾಝಿನಲ್ಲಿ ಖಲೀಫರ ಅಳುವಿನಿಂದಾಗಿ ಜನರಿಗೆ ಕುರ್‌ಆನ್ ಪಾರಾಯಣವೇ ಸ್ಪಷ್ಟವಾಗಿ ಕೇಳಿಸಲಿಲ್ಲವಂತೆ. ಆ ಬೆಳಗ್ಗೆಯೇ ಹುಟ್ಟಿದ ಪ್ರತಿಯೊಂದು ಶಿಶುವಿಗೂ ಭತ್ಯೆ ಸಲ್ಲಬೇಕೆಂಬ ಆಜ್ಞೆ ಹೊರಟಿತು.

ಕಳ್ಳರನ್ನು ಕಾಯಲು ಹೋದವರು ಹಸಿವನ್ನು ಕಂಡು ಬಂದರು. ಗಸ್ತು ತಿರುಗುವವನೂ ಬೈತುಲ್ ಮಾಲ್‌ನ ಬಾಗಿಲು ತೆರೆಯುವವನೂ ಒಬ್ಬನೇ ಆಗಿದ್ದುದರಿಂದ ಪರಿಹಾರಕ್ಕೆ ಒಂದು ರಾತ್ರಿ ಸಾಕಾಯಿತು. ರಾಜ್ಯ ಬೆಳೆದಂತೆ ಈ ಅನುಕೂಲ ಉಳಿಯಲಿಲ್ಲ, ಎಲ್ಲಿಯೂ ಉಳಿಯುವುದಿಲ್ಲ. ಕಾಝಿ, ಶುರ್ತಾ ಎಂಬ ಪೊಲೀಸ್ ಪಡೆ, ಮಾರುಕಟ್ಟೆ ಬೀದಿಗಳ ಮೇಲ್ವಿಚಾರಕನಾದ ಮುಹ್ತಸಿಬ್ ಎಂದು ಹುದ್ದೆಗಳು ಬೇರೆಯಾದವು. ಬೇರೆಯಾದ ಹುದ್ದೆಗಳನ್ನು ಮತ್ತೆ ಹೊಂದಿಸುವುದು ಹೇಗೆಂಬುದು ವಿದ್ವಾಂಸರ ಚಿಂತೆಯಾಯಿತು.

1058ರಲ್ಲಿ ಬಗ್ದಾದಿನಲ್ಲಿ ನಿಧನರಾದ ಅಲ್-ಮಾವರ್ದಿಯವರು ‘ಅಲ್-ಅಹ್ಕಾಮುಸ್ಸುಲ್ತಾನಿಯ್ಯ’ದಲ್ಲಿ ಮುಹ್ತಸಿಬನ ಕರ್ತವ್ಯಗಳನ್ನು ವಿವರಿಸಿದ್ದಾರೆ. ಹೊಳೆಯ ದಂಡೆಯವರು ಗಮನಿಸಬೇಕಾದ ಮಾತುಗಳು ಅಲ್ಲಿವೆ. ದೋಣಿ ತಾಳುವುದಕ್ಕಿಂತ ಹೆಚ್ಚು ಭಾರ ಹೇರುವ ದೋಣಿಯವರನ್ನು ಅವನು ತಡೆಯಬೇಕು. ಗಾಳಿ ಬಿರುಸಾದಾಗ ದೋಣಿ ಬಿಡಗೊಡಬಾರದು. ಹರಿಗೋಲಿನಲ್ಲಿ ಹೊಳೆ ದಾಟಿದ ಹಿರಿಯರಿರುವ ಯಾವ ಮನೆಯಲ್ಲಾದರೂ ಇದರ ಬೆಲೆ ತಿಳಿದೀತು. ಊರಿನ ನೀರಿನ ವ್ಯವಸ್ಥೆ ಕೆಟ್ಟರೆ, ಕೋಟೆಗೋಡೆ ಕುಸಿದರೆ ಬೈತುಲ್ ಮಾಲ್‌ನಿಂದ ದುರಸ್ತಿ ಮಾಡಿಸಬೇಕೆಂದೂ ಅವರು ಹೇಳುತ್ತಾರೆ. ಖಜಾನೆಯಲ್ಲಿ ಹಣವಿಲ್ಲದಿದ್ದರೆ? ಆಗ ಆ ಹೊಣೆ ಊರಿನಲ್ಲಿ ಶಕ್ತಿಯಿರುವ ಎಲ್ಲರ ಮೇಲೂ ಬೀಳುತ್ತದೆ. ಸರಕಾರ ಮಾಡಲಿಲ್ಲವೆಂಬುದು ಅವರ ದೃಷ್ಟಿಯಲ್ಲಿ ಚರ್ಚೆಯ ಕೊನೆಯಲ್ಲ, ಎರಡನೆಯ ಹಂತದ ಆರಂಭ.

ಹನಫೀ ಕರ್ಮಶಾಸ್ತ್ರದ ‘ಖಸಾಮಾ’ ನಿಯಮವೂ ಇದೇ ದಾರಿಯದು. ಒಂದು ಮೊಹಲ್ಲಾದಲ್ಲಿ ಕೊಲೆಯಾದವನ ಶವ ಸಿಕ್ಕಿ ಕೊಂದವನು ಯಾರೆಂದು ತಿಳಿಯದಿದ್ದರೆ, ಆ ಮೊಹಲ್ಲಾದ ಐವತ್ತು ಮಂದಿ ಪ್ರಮಾಣ ಮಾಡಬೇಕು. ರಕ್ತಪರಿಹಾರವನ್ನು ನಿವಾಸಿಗಳ ಕಡೆಯವರೇ ತೆರಬೇಕು. ನಮ್ಮ ಬೀದಿಯಲ್ಲಿ ನಡೆದದ್ದು ನಮಗೆ ಸಂಬಂಧಿಸಿದ್ದಲ್ಲ ಎನ್ನುವ ದಾರಿಯನ್ನು ಆ ನಿಯಮ ಮುಚ್ಚಿಬಿಟ್ಟಿತ್ತು. ಅಕ್ಬರನ ಕಾಲದ ಕೊತ್ವಾಲನಿಗೆ ಅಬುಲ್ ಫಝಲ್ ‘ಐನೆ ಅಕ್ಬರಿ’ಯಲ್ಲಿ ವಿಧಿಸಿದ ಕೆಲಸಗಳಲ್ಲಿ ಮನೆಗಳ ಪಟ್ಟಿ ಮಾಡುವುದು, ನೆರೆಹೊರೆಯವರಿಂದ ಪರಸ್ಪರ ನೆರವಿನ ವಚನ ಪಡೆಯುವುದು, ಮೊಹಲ್ಲಾಗಳನ್ನು ರಚಿಸಿ ಪ್ರತಿಯೊಂದಕ್ಕೂ ಮುಖ್ಯಸ್ಥನನ್ನು ನೇಮಿಸುವುದು ಸೇರಿದ್ದವು. ಮೈಸೂರಿನ ಮಂಡಿ ಮೊಹಲ್ಲಾ, ಲಷ್ಕರ್ ಮೊಹಲ್ಲಾಗಳಲ್ಲಿ ಆ ಪದವಂತೂ ಉಳಿದಿದೆ. ವಚನ ಎಷ್ಟು ಉಳಿದಿದೆಯೆಂಬುದನ್ನು ಅಲ್ಲಿಯವರೇ ಹೇಳಬೇಕು.

ಮತ್ತೆ ನಮ್ಮ ಜಿಲ್ಲೆಗೆ ಬರೋಣ. ಸ್ವಾತಂತ್ರ್ಯಾನಂತರ ಮೈಸೂರು ರಾಜ್ಯವು 1961ರ ಕಾಯ್ದೆಯ ಮೂಲಕ ವಂಶಪಾರಂಪರ್ಯದ ಗ್ರಾಮ ಹುದ್ದೆಗಳನ್ನು ರದ್ದುಗೊಳಿಸಿತು. ಶಾನುಭೋಗಿಕೆಯೊಡನೆ ತೋಟಿ, ತಳವಾರಿಕೆಗಳೂ ಹೋದವು. ಹೋಗಲೇಬೇಕಾಗಿತ್ತು. ಆದರೆ ಆ ಕಾಲದ ಶಾಸನಗಳನ್ನು ಒಟ್ಟಿಗಿಟ್ಟು ನೋಡಿದರೆ ಇನ್ನೊಂದು ಸಂಗತಿ ಕಾಣುತ್ತದೆ. 1962ರಲ್ಲಿ ಗೃಹರಕ್ಷಕ ದಳದ ಕಾಯ್ದೆ ಬಂತು, 1963ರಲ್ಲಿ ಪೊಲೀಸ್ ಕಾಯ್ದೆ. 1964ರಲ್ಲಿ ಅಗ್ನಿಶಾಮಕ ದಳಕ್ಕೊಂದು, ಗ್ರಾಮ ರಕ್ಷಣಾ ದಳಗಳಿಗೊಂದು ಕಾಯ್ದೆ. ಊರೊಳಗೆ ಒಂದೇ ಕಟ್ಟಿನಲ್ಲಿದ್ದ ಕಾವಲು ನಾಲ್ಕೇ ವರ್ಷಗಳಲ್ಲಿ ಬೇರೆಬೇರೆ ಸಮವಸ್ತ್ರ ತೊಟ್ಟು ತಾಲ್ಲೂಕು, ಜಿಲ್ಲಾ ಕೇಂದ್ರಗಳಿಗೆ ಹೋಯಿತು. ಗ್ರಾಮ ರಕ್ಷಣಾ ದಳದ ಕಾಯ್ದೆ ಊರಿನವರನ್ನು ಮತ್ತೆ ಕಾವಲಿಗೆ ಕರೆಯುವ ಪ್ರಯತ್ನವೇ ಆಗಿತ್ತು. ಕಾಯ್ದೆ ಪುಸ್ತಕದಲ್ಲಿದೆ, ಅದರ ಹೆಸರು ಕೇಳಿದವರನ್ನು ಹಳ್ಳಿಗಳಲ್ಲಿ ಹುಡುಕಬೇಕು.

ಹೊಳೆಯ ವಿಷಯದಲ್ಲಿ ಈ ವಿಭಜನೆ ಹೆಚ್ಚು ತೀಕ್ಷ್ಣವಾಗಿ ಕಾಣುತ್ತದೆ. 8.5 ಟಿಎಂಸಿ ಸಾಮರ್ಥ್ಯದ ಹಾರಂಗಿ ಜಲಾಶಯವಿರುವುದು ಕೊಡಗು ಜಿಲ್ಲೆಯಲ್ಲಿ. ಅದರ ಗೇಟು ಎತ್ತುವುದು ನೀರಾವರಿ ನಿಗಮದ ಇಂಜಿನಿಯರು. ಆ ನೀರು ಬಂದು ತಲುಪುವುದು ಹಾಸನ ಮತ್ತು ಮೈಸೂರು ಜಿಲ್ಲೆಗಳ ದಂಡೆಗೆ. ಎಚ್ಚರಿಕೆ ಹೊರಡಿಸುವುದು ಜಿಲ್ಲಾಡಳಿತ, ಅದನ್ನು ಮನೆಮನೆಗೆ ಮುಟ್ಟಿಸುವುದು ಗ್ರಾಮ ಪಂಚಾಯಿತಿ ಮತ್ತು ಕಂದಾಯ ಸಿಬ್ಬಂದಿ, ಸೇತುವೆಯ ಮೇಲೆ ಜನರನ್ನು ತಡೆಯುವುದು ಪೊಲೀಸರು, ದೋಣಿ ತರುವುದು ಅಗ್ನಿಶಾಮಕ ದಳ. ಈ ಸರಪಳಿಯಲ್ಲಿ ಒಂದು ಕೊಂಡಿ ನಿದ್ರಿಸಿದರೂ ಉಳಿದವರ ಎಚ್ಚರ ವ್ಯರ್ಥ.

2004ರ ಸುನಾಮಿಯ ತರುವಾಯ ಸಂಸತ್ತು 2005ರಲ್ಲಿ ವಿಪತ್ತು ನಿರ್ವಹಣಾ ಕಾಯ್ದೆಯನ್ನು ಅಂಗೀಕರಿಸಿದ್ದು ಈ ಕೊಂಡಿಗಳನ್ನು ಕೂಡಿಸುವುದಕ್ಕಾಗಿಯೇ. ಪ್ರತಿ ಜಿಲ್ಲೆಗೂ ಒಂದು ಪ್ರಾಧಿಕಾರ. ಜಿಲ್ಲಾಧಿಕಾರಿ ಅದರ ಅಧ್ಯಕ್ಷರು, ಸ್ಥಳೀಯ ಸಂಸ್ಥೆಯ ಚುನಾಯಿತ ಪ್ರತಿನಿಧಿ ಸಹ-ಅಧ್ಯಕ್ಷರು. ಪೊಲೀಸ್ ವರಿಷ್ಠಾಧಿಕಾರಿ ಮತ್ತು ಜಿಲ್ಲೆಯ ಆರೋಗ್ಯಾಧಿಕಾರಿ ಸದಸ್ಯರು. ಅಧಿಕಾರಿಯ ಪಕ್ಕದಲ್ಲಿ ಜನಪ್ರತಿನಿಧಿಗೂ ಕುರ್ಚಿಯಿಟ್ಟದ್ದು ಆ ಕಾಯ್ದೆಯ ಒಳ್ಳೆಯ ಗುಣ.

2018ರ ಆಗಸ್ಟ್‌ನಲ್ಲಿ ಅದು ಪರೀಕ್ಷೆಗೊಳಗಾಯಿತು. ಕೊಡಗಿನ ಬೆಟ್ಟಗಳು ಜಾರಿದವು. ಮಕ್ಕಂದೂರು, ಜೋಡುಪಾಲಗಳ ಹೆಸರು ದೇಶಕ್ಕೆಲ್ಲ ತಿಳಿಯಿತು. ಸೇನೆ, ರಾಷ್ಟ್ರೀಯ ವಿಪತ್ತು ಸ್ಪಂದನಾ ಪಡೆ, ಪೊಲೀಸರು, ಅಗ್ನಿಶಾಮಕ ದಳದವರು, ಗೃಹರಕ್ಷಕರು ಒಟ್ಟಾಗಿ ದುಡಿದರು. ಆದರೆ ಅವರು ಬಂದು ತಲುಪುವ ಮೊದಲು ಹಲವರನ್ನು ಮೇಲೆತ್ತಿದ್ದು ನೆರೆಮನೆಯವರು. ಸುಂಟಿಕೊಪ್ಪ ಮುಂತಾದ ಕಡೆ ಶಾಲೆ, ಮಂದಿರ, ಮದರಸಗಳೇ ಆಶ್ರಯ ಕೇಂದ್ರಗಳಾದವು. ಅಲ್ಲಿ ಮಲಗಿದವರು ಯಾರ ಛಾವಣಿಯೆಂದು ಕೇಳಲಿಲ್ಲ. ಕೆಳಗೆ ಕುಶಾಲನಗರದ ಬಡಾವಣೆಗಳು ಮುಳುಗಿದವು. ರಾಮನಾಥಪುರದಲ್ಲಿ ಹೊಳೆ ದಂಡೆ ಮೀರಿ ಊರೊಳಗೆ ಬಂತು. ಮರುವರ್ಷದ ಆಗಸ್ಟ್‌ನಲ್ಲಿಯೂ ಅದೇ ದೃಶ್ಯ.

ಈ ಅನುಭವದ ಬೆಳಕಿನಲ್ಲಿ ನಮ್ಮದೇ ಜಮಾಅತ್‌ಗಳ ಸ್ಥಿತಿಯನ್ನು ನೋಡಿಕೊಳ್ಳಬೇಕು. ಪೊಲೀಸ್ ಠಾಣೆಗೂ ಮಸೀದಿ ಆಡಳಿತ ಸಮಿತಿಗೂ ಇರುವ ಸಂಬಂಧವೆಂದರೆ ಅನೇಕ ಊರುಗಳಲ್ಲಿ ಹಬ್ಬಕ್ಕೆ ಮುಂಚಿನ ಶಾಂತಿ ಸಭೆ ಮಾತ್ರ. ಗಣೇಶ ಚತುರ್ಥಿಗೆ, ಈದ್ ಮೀಲಾದಿಗೆ ಒಮ್ಮೆ ಕರೆ ಬರುತ್ತದೆ. ಮೆರವಣಿಗೆಯ ದಾರಿ, ಧ್ವನಿವರ್ಧಕದ ಸಮಯ ತೀರ್ಮಾನವಾಗುತ್ತದೆ. ಚಹಾ ಕುಡಿದು ಎದ್ದು ಬರುತ್ತೇವೆ. ಅಲ್ಲಿ ನಮ್ಮನ್ನು ಕಾವಲಿನ ಪಾಲುದಾರರೆಂದು ಕರೆದಿದ್ದಾರೋ ಕಾಯಬೇಕಾದ ಪಕ್ಷವೆಂದು ಕರೆದಿದ್ದಾರೋ ಎಂಬ ಸಂದೇಹ ಹಿರಿಯರ ಮುಖದಲ್ಲಿ ಕಾಣುತ್ತದೆ. ಆ ಸಂದೇಹ ಆಧಾರವಿಲ್ಲದ್ದೆಂದು ನಾನು ಹೇಳಲಾರೆ. ಆದರೆ ಅದನ್ನೇ ಕಾರಣವಾಗಿಟ್ಟುಕೊಂಡು ಉಳಿದ ಹನ್ನೊಂದು ತಿಂಗಳು ದೂರ ನಿಲ್ಲುವುದರಿಂದ ಸಂದೇಹ ಎರಡೂ ಕಡೆ ಬೆಳೆದಿದೆಯೇ ಹೊರತು ಕಡಿಮೆಯಾಗಿಲ್ಲ. 2017ರಲ್ಲಿ ರಾಜ್ಯದ ಪೊಲೀಸ್ ಇಲಾಖೆ ಗಸ್ತು ವ್ಯವಸ್ಥೆಯನ್ನು ಪರಿಷ್ಕರಿಸಿ, ಪ್ರತಿ ಗಸ್ತಿನ ಪ್ರದೇಶಕ್ಕೂ ಒಬ್ಬ ಸಿಬ್ಬಂದಿಯನ್ನು ಹೊಣೆಯಾಗಿಸಿ, ಸ್ಥಳೀಯ ನಾಗರಿಕರನ್ನು ಸದಸ್ಯರನ್ನಾಗಿ ಸೇರಿಸಿಕೊಂಡಿತು. ತಮ್ಮ ಬೀದಿಯ ಆ ಪೊಲೀಸಿನವರ ಹೆಸರು ಬಲ್ಲ ಮುತವಲ್ಲಿಗಳು ಎಷ್ಟು ಮಂದಿಯಿದ್ದಾರು?

ಪ್ರವಾದಿ(ಸ)ಯವರು ಹೇಳಿದ ಹಡಗಿನ ದೃಷ್ಟಾಂತವನ್ನು ಹ. ನುಅ್‌ಮಾನ್ ಬಿನ್ ಬಶೀರ್(ರ) ವರದಿ ಮಾಡಿದ್ದಾರೆ. ಚೀಟಿ ಎತ್ತಿ ಕೆಲವರು ಮೇಲಂತಸ್ತಿನಲ್ಲೂ ಕೆಲವರು ಕೆಳಗೂ ನೆಲೆಸಿದರು. ಕೆಳಗಿನವರು ನೀರಿಗಾಗಿ ಮೇಲಿನವರನ್ನು ದಾಟಿ ಹೋಗಬೇಕಿತ್ತು. ಅವರಿಗೆ ತೊಂದರೆ ಕೊಡುವುದೇಕೆ, ನಮ್ಮ ಪಾಲಿನ ಜಾಗದಲ್ಲೇ ಒಂದು ರಂಧ್ರ ಕೊರೆದುಕೊಳ್ಳೋಣವೆಂದು ಯೋಚಿಸಿದರು. ಮೇಲಿನವರು ಸುಮ್ಮನಿದ್ದರೆ ಎಲ್ಲರೂ ಮುಳುಗುತ್ತಾರೆ. ಕೈ ಹಿಡಿದು ತಡೆದರೆ ಎಲ್ಲರೂ ಉಳಿಯುತ್ತಾರೆ. ಈ ಹದೀಸನ್ನು ಕೆಡುಕನ್ನು ತಡೆಯುವ ಕರ್ತವ್ಯದ ಬಗ್ಗೆ ಖುತ್ಬಾಗಳಲ್ಲಿ ಆಗಾಗ ಕೇಳುತ್ತೇವೆ. ನನ್ನ ಗಮನ ಸೆಳೆಯುವುದು ಕೆಳಗಿನವರ ಮನಸ್ಸು. ಅವರು ದುಷ್ಟರಲ್ಲ, ಯಾರಿಗೂ ಭಾರವಾಗಬಾರದೆಂದು ಯೋಚಿಸಿದವರು. ನೀರಿಗೆಂದು ಮೇಲೆ ಹೋದಾಗ ಸಿಕ್ಕ ಮುಖಗಳು ಹೇಗಿದ್ದವೋ!

ಮುಂದಿನ ಆಷಾಢದಲ್ಲಿ ಹಾರಂಗಿಯ ಗೇಟು ಮತ್ತೆ ಏಳುತ್ತದೆ. ದಂಡೆಯ ಯಾವ ಮನೆಯಲ್ಲಿ ಹಾಸಿಗೆ ಹಿಡಿದ ವೃದ್ಧೆಯಿದ್ದಾಳೆ, ಯಾವ ಮನೆಯಲ್ಲಿ ದಿನ ತುಂಬಿದ ಗರ್ಭಿಣಿಯಿದ್ದಾಳೆ, ಮದರಸದ ಬೀಗದ ಕೈ ರಾತ್ರಿ ಯಾರ ಬಳಿಯಿರುತ್ತದೆ, ಮಸೀದಿಯ ಧ್ವನಿವರ್ಧಕಕ್ಕೆ ವಿದ್ಯುತ್ ಹೋದಾಗ ಬ್ಯಾಟರಿಯಿದೆಯೇ? ಇವನ್ನು ಒಂದು ಹಾಳೆಯಲ್ಲಿ ಬರೆದು ಒಂದು ಪ್ರತಿಯನ್ನು ಗ್ರಾಮ ಪಂಚಾಯಿತಿಗೂ ಒಂದನ್ನು ಠಾಣೆಗೂ ಕೊಡಬೇಕು. ಪಟ್ಟಿಯಲ್ಲಿ ನಮ್ಮ ಮೊಹಲ್ಲಾದ ಮನೆಗಳಷ್ಟೇ ಅಲ್ಲ, ದಂಡೆಯ ಎಲ್ಲ ಮನೆಗಳೂ ಇರಬೇಕು. ಒಂದು ಜುಮಾ ಕಳೆದು ಇನ್ನೊಂದು ಜುಮಾ ಬರುವುದರೊಳಗೆ ಮುಗಿಸಬಹುದಾದ ಕೆಲಸ ಅದು.