ಕಂಪ್ಯೂಟರ್ ಕೋಣೆಯ ಬೀಗದ ಕೈ

ಬಿ.ಎಡ್. ಓದಿದವರಿಗೆಲ್ಲ 36 ನಿಮಿಷದ ಲೆಕ್ಕ ನೆನಪಿರುತ್ತದೆ. ಆರು ನಿಮಿಷ ಪಾಠ, ಆರು ನಿಮಿಷ ಹಿಮ್ಮಾಹಿತಿ, ಹನ್ನೆರಡು ನಿಮಿಷ ಮರುಯೋಜನೆ, ಆರು ನಿಮಿಷ ಮರುಪಾಠ, ಕೊನೆಗೆ ಇನ್ನೊಮ್ಮೆ ಆರು ನಿಮಿಷ ಹಿಮ್ಮಾಹಿತಿ. ಅಣುಬೋಧನೆ ಎಂದು ಇದಕ್ಕೆ ಹೆಸರು. ನಮ್ಮ ಕಾಲದಲ್ಲಿ ಸಹಪಾಠಿಗಳೇ ಎಂಟನೇ ತರಗತಿಯ ಮಕ್ಕಳಾಗಿ ಕೂರುತ್ತಿದ್ದರು. ಮೀಸೆ ಬಂದ ಆ ಮಕ್ಕಳು ಬೇಕೆಂದೇ ತಪ್ಪು ಉತ್ತರ ಕೊಟ್ಟು ಕಾಡುತ್ತಿದ್ದರು. ಹಿಂದಿನ ಬೆಂಚಿನಲ್ಲಿ ಒಬ್ಬ ವೀಕ್ಷಣಾ ಹಾಳೆ ಹಿಡಿದು ಗೆರೆ ಎಳೆಯುತ್ತಿದ್ದ.

ಈ ಪದ್ಧತಿ ಹುಟ್ಟಿದ್ದೇ ಒಂದು ಯಂತ್ರದ ಜೊತೆಗೆ ಎಂಬುದು ನನಗೆ ಗೊತ್ತಾದದ್ದು ಎಷ್ಟೋ ವರ್ಷಗಳ ಮೇಲೆ. 1960ರ ದಶಕದ ಆರಂಭದಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಡ್ವೈಟ್ ಅಲೆನ್ ಮತ್ತು ಸಂಗಡಿಗರು ಇದನ್ನು ರೂಪಿಸಿದಾಗ ಅದರ ಜೀವಾಳ ವಿಡಿಯೊ ರೆಕಾರ್ಡರ್. ಹೊಸ ಶಿಕ್ಷಕ ತನ್ನ ಪಾಠವನ್ನು ತಾನೇ ನೋಡಿ ನಾಚಿ ತಿದ್ದಿಕೊಳ್ಳಬೇಕಿತ್ತು. 1970ರ ದಶಕದಲ್ಲಿ ಬರೋಡದ ಬಿ.ಕೆ. ಪಾಸಿ ಮೊದಲಾದವರು ಇದನ್ನು ನಮ್ಮ ಕಾಲೇಜುಗಳಿಗೆ ಒಗ್ಗಿಸುವಾಗ ಯಂತ್ರದ ಜಾಗಕ್ಕೆ ಗೆಳೆಯನ ಕಣ್ಣು ಬಂತು. ದುಡ್ಡಿಲ್ಲದ ಕಾಲದ ಜಾಣ ಉಪಾಯ ಅದು. ಸೋಜಿಗವೆಂದರೆ, ಈಗ ಪ್ರತಿ ಪ್ರಶಿಕ್ಷಣಾರ್ಥಿಯ ಜೇಬಿನಲ್ಲೂ ಕ್ಯಾಮೆರಾ ಇದೆ, ಆದರೂ ಎಷ್ಟೋ ಕಡೆ ಗೆರೆ ಎಳೆಯುವ ಹಾಳೆಯೇ ನಡೆದಿದೆ.

ಭಾರತದಲ್ಲಿ ಶಿಕ್ಷಕರ ತಯಾರಿ ಮತ್ತು ತಂತ್ರಜ್ಞಾನದ ಸಂಬಂಧ ಹೀಗೆಯೇ ತಪ್ಪಿದ ತಾಳದಲ್ಲಿ ಸಾಗಿಬಂದಿದೆ. ಯಂತ್ರ ಬಂದಾಗ ಶಿಕ್ಷಕ ಸಿದ್ಧನಿರಲಿಲ್ಲ. ಶಿಕ್ಷಕ ಸಿದ್ಧನಾಗುವ ಹೊತ್ತಿಗೆ ಯಂತ್ರ ಕೆಟ್ಟಿರುತ್ತಿತ್ತು.

1975ರ ಆಗಸ್ಟ್‌ನಿಂದ ಒಂದು ವರ್ಷ ನಡೆದ ‘ಸೈಟ್’ ಉಪಗ್ರಹ ಪ್ರಯೋಗ ಈ ಮಾತಿಗೆ ಅರ್ಧ ಅಪವಾದ. ಅಮೆರಿಕದ ಎಟಿಎಸ್-6 ಉಪಗ್ರಹದ ಮೂಲಕ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟಿ.ವಿ. ಬಂತು. ಕರ್ನಾಟಕದಲ್ಲಿ ಅದು ತಲುಪಿದ್ದು ಗುಲ್ಬರ್ಗ, ರಾಯಚೂರು, ಬಿಜಾಪುರದ ಕಡೆಯ ಊರುಗಳಿಗೆ. ಬೆಳಿಗ್ಗೆ ಶಾಲಾ ಮಕ್ಕಳ ಕಾರ್ಯಕ್ರಮ, ಸಂಜೆ ದೊಡ್ಡವರದು. ರಜೆಯ ದಿನಗಳಲ್ಲಿ ಪ್ರಾಥಮಿಕ ಶಾಲೆಯ ಮೇಷ್ಟ್ರುಗಳಿಗೆ ಇದೇ ಪೆಟ್ಟಿಗೆಯಿಂದ ವಿಜ್ಞಾನ ಬೋಧನೆಯ ತರಬೇತಿ. ಅದು ಬರೀ ಟಿ.ವಿ. ನೋಡುವ ತರಬೇತಿಯಾಗಿರಲಿಲ್ಲ ಎಂಬುದು ಮುಖ್ಯ. ರೇಡಿಯೊ ಇತ್ತು, ಮುದ್ರಿತ ಪುಸ್ತಿಕೆ ಇತ್ತು, ಕೈಯಾರೆ ಮಾಡುವ ಪ್ರಯೋಗಗಳಿದ್ದವು. ಮುಂದೆ ಬಂದ ಎಷ್ಟೋ ದುಬಾರಿ ಯೋಜನೆಗಳಿಗೆ ಈ ಕೂಡಿಕೆ ಹೊಳೆಯಲಿಲ್ಲ. ವರ್ಷ ತುಂಬಿತು, ಒಪ್ಪಂದದಂತೆ ಉಪಗ್ರಹ ಹಿಂದೆ ಸರಿಯಿತು, ಪೆಟ್ಟಿಗೆ ಮಂಕಾಯಿತು.

1984-85ರಲ್ಲಿ ‘ಕ್ಲಾಸ್’ ಯೋಜನೆ ಬಂತು. ಮೊದಲ ಸುತ್ತಿನಲ್ಲಿ 250 ಶಾಲೆಗಳು, ಬ್ರಿಟನ್ನಿನಿಂದ ಬಂದ ಬಿಬಿಸಿ ಮೈಕ್ರೊ ಕಂಪ್ಯೂಟರುಗಳು. ತೆರೆಯ ಮೇಲಿನ ಭಾಷೆ ಇಂಗ್ಲಿಷ್. ಶಿಕ್ಷಕರಿಗೆ ಸಿಕ್ಕಿದ್ದು ಯಂತ್ರ ಶುರುಮಾಡುವ, ನಿಲ್ಲಿಸುವ, ಕಾಪಾಡುವ ತರಬೇತಿ. ಕಂಪ್ಯೂಟರ್ ಕೋಣೆಗೆ ಬೀಗ ಬಿದ್ದದ್ದು ಆಗ. ಧೂಳು ಕೂರಬಾರದು, ಕಳುವಾಗಬಾರದು, ಮಕ್ಕಳು ಮುಟ್ಟಬಾರದು. ಚಪ್ಪಲಿ ಬಿಟ್ಟು ಒಳಗೆ ಹೋಗುವ ಮಡಿಯನ್ನು ನನ್ನ ವಯಸ್ಸಿನವರು ಮರೆತಿರಲಾರರು. ಇತ್ತ 1986ರ ರಾಷ್ಟ್ರೀಯ ಶಿಕ್ಷಣ ನೀತಿಯಿಂದಾಗಿ ಜಿಲ್ಲೆಗೊಂದು ಶಿಕ್ಷಣ ಮತ್ತು ತರಬೇತಿ ಸಂಸ್ಥೆ (ಡಯಟ್) ಹುಟ್ಟಿಕೊಂಡಿತು. ಪ್ರಾಥಮಿಕ ಶಾಲಾ ಶಿಕ್ಷಕರ ತಯಾರಿಗೆ ಒಂದು ನೆಲೆ ಸಿಕ್ಕಿತು. ಆದರೆ ಅಲ್ಲಿನ ಟಿಸಿಎಚ್ (ಶಿಕ್ಷಕ ತರಬೇತಿ) ವಿದ್ಯಾರ್ಥಿಯ ಪಾಲಿಗೆ ಪಾಠೋಪಕರಣವೆಂದರೆ ಚಾರ್ಟು, ಮಿಂಚುಪಟ್ಟಿ, ಫ್ಲಾನೆಲ್ ಬೋರ್ಡು. ಪರೀಕ್ಷಕರು ಬರುವ ದಿನ ಓವರ್‌ಹೆಡ್ ಪ್ರೊಜೆಕ್ಟರಿಗೆ ಹೊದಿಸಿದ ಬಟ್ಟೆ ತೆಗೆಯುತ್ತಿದ್ದರು.

2001ರ ‘ಮಾಹಿತಿ ಸಿಂಧು’ ಕರ್ನಾಟಕದ ಸಾವಿರ ಸರ್ಕಾರಿ ಪ್ರೌಢಶಾಲೆಗಳಿಗೆ ಕಂಪ್ಯೂಟರ್ ಒಯ್ದಿತು. ಕಲಿಸಲು ಬಂದವರು ಖಾಸಗಿ ಸಂಸ್ಥೆಗಳು ನೇಮಿಸಿದ ಹುಡುಗ ಹುಡುಗಿಯರು. ಕಂಪ್ಯೂಟರ್ ಪೀರಿಯಡ್ ಅಂದರೆ ಗಣಿತದ ಮೇಷ್ಟ್ರಿಗೆ ಬಿಡುವು. ಗುತ್ತಿಗೆ ಮುಗಿದು ಆ ಹುಡುಗ ಹೊರಟಾಗ ಬೀಗದ ಕೈ ಮುಖ್ಯೋಪಾಧ್ಯಾಯರ ಬೀರುವಿಗೆ ಸೇರಿತು. ನನ್ನ ಮಟ್ಟಿಗೆ ಈ ಕ್ಷೇತ್ರದ ದೊಡ್ಡ ತಪ್ಪು ಇದೇ: ಕಂಪ್ಯೂಟರನ್ನು ಪಾಠದೊಳಕ್ಕೆ ತರುವ ಬದಲು ಅದನ್ನೇ ಬೇರೆ ಪಾಠ ಮಾಡಿದ್ದು. 2004ರ ಸೆಪ್ಟೆಂಬರ್‌ನಲ್ಲಿ ಇಸ್ರೊ ಹಾರಿಸಿದ ಎಜುಸ್ಯಾಟ್ ಚಾಮರಾಜನಗರದ ಪ್ರಾಥಮಿಕ ಶಾಲೆಗಳಿಗೆ ಪಾಠ ಇಳಿಸಿದಾಗಲೂ ದನಿ ಸ್ಟುಡಿಯೊದ್ದು, ತರಗತಿಯ ಶಿಕ್ಷಕ ಕೇಳುಗ.

ಅದೇ 2001ರಲ್ಲಿ ಪಕ್ಕದ ಕೇರಳ ಬೇರೆ ದಾರಿ ಹಿಡಿಯಿತು. ‘ಐಟಿ@ಸ್ಕೂಲ್’ ಯೋಜನೆಯಲ್ಲಿ ಹೊರಗಿನ ಬೋಧಕರಿರಲಿಲ್ಲ. ಶಾಲೆಯ ಶಿಕ್ಷಕರಲ್ಲೇ ಕೆಲವರನ್ನು ತರಬೇತುದಾರರನ್ನಾಗಿ ಮಾಡಿದರು, ಅವರು ಉಳಿದವರಿಗೆ ಕಲಿಸಿದರು. ಕ್ರಮೇಣ ಸ್ವತಂತ್ರ ತಂತ್ರಾಂಶವೇ ಅಲ್ಲಿ ರೂಢಿಯಾಯಿತು. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳಿಗೆ ಮಾಹಿತಿ ಸಂವಹನ ತಂತ್ರಜ್ಞಾನದ (ಐಸಿಟಿ) ಪಠ್ಯಪುಸ್ತಕ ಕನ್ನಡದಲ್ಲೇ ಸಿಕ್ಕಿದ್ದು ಈ ದಾರಿಯ ಫಲ. ನಮ್ಮಲ್ಲೂ 2010ರ ನಂತರ ರಾಜ್ಯದ ಶೈಕ್ಷಣಿಕ ಸಂಶೋಧನೆ ಮತ್ತು ತರಬೇತಿ ಇಲಾಖೆ (ಡಿಎಸ್‌ಇಆರ್‌ಟಿ) ಮತ್ತು ಬೆಂಗಳೂರಿನ ಐಟಿ ಫಾರ್ ಚೇಂಜ್ ಸಂಸ್ಥೆ ಸೇರಿ ವಿಷಯ ಶಿಕ್ಷಕರ ವೇದಿಕೆ ಕಟ್ಟಿದವು. ಗಣಿತ, ವಿಜ್ಞಾನ, ಸಮಾಜದ ಶಿಕ್ಷಕರು ತಮ್ಮ ವಿಷಯದ ಕಷ್ಟಗಳನ್ನು ಹಂಚಿಕೊಳ್ಳುವ ಮಿಂಚಂಚೆ ಗುಂಪುಗಳವು. ಶಿಕ್ಷಕರು ತಾವೇ ಬರೆದದ್ದು ಮುಕ್ತ ಸಂಪನ್ಮೂಲವಾಗಿ ಕನ್ನಡದಲ್ಲಿ ಬೆಳೆಯಿತು. ಆಮೇಲೆ ಬಂದ ‘ಟಾಲ್ಪ್’ ಯೋಜನೆ ಸರ್ಕಾರಿ ಶಿಕ್ಷಕರನ್ನೇ ಕಂಪ್ಯೂಟರ್ ಮುಂದೆ ಕೂರಿಸಿತು.

ಇಷ್ಟೂ ವರ್ಷ ಕೊರತೆಯಾಗಿದ್ದ ಒಂದು ವಿಚಾರಕ್ಕೆ 2006ರಲ್ಲಿ ಹೆಸರು ಸಿಕ್ಕಿತ್ತು. ಶಿಕ್ಷಕನಿಗೆ ವಿಷಯಜ್ಞಾನ ಬೇರೆ, ಬೋಧನೆಯ ಜ್ಞಾನ ಬೇರೆ ಎಂದು ಇಟ್ಟರೆ ಸಾಲದು, ಎರಡೂ ಬೆರೆತ ಮೂರನೆಯ ಜ್ಞಾನವೊಂದಿದೆ ಎಂದು ಲೀ ಶುಲ್‌ಮನ್ 1986ರಲ್ಲಿ ಹೇಳಿದ್ದರು. ಪುಣ್ಯ ಮಿಶ್ರ ಮತ್ತು ಮ್ಯಾಥ್ಯೂ ಕೋಲರ್ ಅದಕ್ಕೆ ತಂತ್ರಜ್ಞಾನವನ್ನು ಬೆಸೆದು ‘ಟಿಪ್ಯಾಕ್’ ಚೌಕಟ್ಟು ಕೊಟ್ಟರು. ಬಿ.ಎಡ್. ನೋಟ್ಸುಗಳಲ್ಲಿ ಈಗ ಇದು ಒಂದನ್ನೊಂದು ಹಾಯುವ ಮೂರು ವೃತ್ತಗಳ ಚಿತ್ರ; ಐದು ಅಂಕದ ಪ್ರಶ್ನೆ.

ವೃತ್ತಗಳನ್ನು ಬಿಟ್ಟು ಒಂದು ಪಾಠ ನೋಡೋಣ. ತ್ರಿಭುಜದ ಮೂರು ಕೋನಗಳ ಮೊತ್ತ 180 ಡಿಗ್ರಿ. ಕಾಗದದ ತ್ರಿಭುಜ ಕತ್ತರಿಸಿ ಮೂರು ಮೂಲೆ ಹರಿದು ಒತ್ತಟ್ಟಿಗೆ ಇಟ್ಟರೆ ಸರಳರೇಖೆ ಕಾಣುತ್ತದೆ. ಖರ್ಚು ಒಂದು ಹಾಳೆ. ಜಿಯೊಜಿಬ್ರಾ ಎಂಬ ಗಣಿತದ ತಂತ್ರಾಂಶದಲ್ಲಾದರೆ ಒಂದು ಶೃಂಗ ಹಿಡಿದು ಎಳೆದಂತೆಲ್ಲ ಕೋನಗಳು ಬದಲಾಗುತ್ತವೆ, ಮೊತ್ತ ಅಲುಗುವುದಿಲ್ಲ. ನೂರು ತ್ರಿಭುಜ ಒಂದು ನಿಮಿಷದಲ್ಲಿ. ಅಪಾಯವೂ ಅಲ್ಲೇ ಇದೆ. ನೂರು ಸಲ ಕಂಡದ್ದೇ ಸಾಧನೆ ಎಂದು ಮಗು ನಂಬಿಬಿಡುತ್ತದೆ. ಶೃಂಗದ ಮೂಲಕ ಪಾದಕ್ಕೆ ಸಮಾಂತರ ರೇಖೆ ಎಳೆಯುವ ಹಳೆಯ ಸಾಧನೆಗೆ ಯಾವಾಗ ತಿರುಗಬೇಕು, ಎಳೆದಾಟ ಎಲ್ಲಿ ನಿಲ್ಲಬೇಕು ಎಂಬ ತೀರ್ಮಾನ ತಂತ್ರಾಂಶದ ಕೈಪಿಡಿಯಲ್ಲಿಲ್ಲ, ಗಣಿತದ ಪುಸ್ತಕದಲ್ಲೂ ಇಲ್ಲ. ಭಾವಿ ಶಿಕ್ಷಕರಿಗೆ ಅಭ್ಯಾಸ ಬೇಕಿರುವುದು ಈ ತೀರ್ಮಾನದಲ್ಲಿ.

ಅದಕ್ಕೆ ನಮ್ಮ ಪಠ್ಯಕ್ರಮದಲ್ಲಿ ಜಾಗವಿದೆಯೆ? ರಾಷ್ಟ್ರೀಯ ಶಿಕ್ಷಕ ಶಿಕ್ಷಣ ಮಂಡಳಿಯ (ಎನ್‌ಸಿಟಿಇ) 2014ರ ನಿಯಮಗಳು ಬಿ.ಎಡ್. ಅನ್ನು ಎರಡು ವರ್ಷಕ್ಕೆ ಏರಿಸಿ, ಐಸಿಟಿಯ ವಿಮರ್ಶಾತ್ಮಕ ಅರಿವು ಎಂಬ ಕೋರ್ಸನ್ನು ತಂದವು. ‘ವಿಮರ್ಶಾತ್ಮಕ’ ಒಳ್ಳೆಯ ಪದ. ಆದರೆ ಪ್ರತ್ಯೇಕ ಪತ್ರಿಕೆಯಾದ ಕೂಡಲೇ ಅದಕ್ಕೂ ಮಾಹಿತಿ ಸಿಂಧುವಿನ ಗತಿ ಬಂತು. ವಿಜ್ಞಾನ ಬೋಧನಾ ವಿಧಾನ ಕಲಿಸುವವರು ಅದು ತಮ್ಮದಲ್ಲ ಅಂದರು. ಐಸಿಟಿ ಕಲಿಸುವವರು ಪವರ್‌ಪಾಯಿಂಟ್ ಮಾಡಿಸಿ ಅಂಕ ಕೊಟ್ಟರು. ಅಧ್ಯಾಪಕರು ತಮ್ಮ ದಿನನಿತ್ಯದ ಪಾಠದಲ್ಲಿ ಬಳಸದ್ದನ್ನು ವಿದ್ಯಾರ್ಥಿಗಳು ಇಂಟರ್ನ್‌ಶಿಪ್ಪಿಗೆ ಹೋದ ಶಾಲೆಯಲ್ಲಿ ಬಳಸುವುದು ಕಷ್ಟ.

2020 ಬಂತು, ಬೀಗ ಶಾಲೆಗೇ ಬಿತ್ತು. 2017ರಲ್ಲಿ ಶುರುವಾಗಿದ್ದ ದೀಕ್ಷಾ ಡಿಜಿಟಲ್ ವೇದಿಕೆಯ ಮೇಲೆ ಶಿಕ್ಷಕರ ನಿಷ್ಠಾ ತರಬೇತಿ ಆನ್‌ಲೈನಿಗೆ ಏರಿತು. ವಿಡಿಯೊ ಓಡಲು ಬಿಟ್ಟು ಅಡುಗೆಗೆ ಒಗ್ಗರಣೆ ಹಾಕಿ ಬಂದು ಪ್ರಮಾಣಪತ್ರ ಇಳಿಸಿಕೊಂಡವರು ನಮ್ಮ ಗೆಳೆಯರಲ್ಲೇ ಇದ್ದಾರೆ. ಅವರನ್ನು ಬಯ್ಯಲು ನನಗೆ ಮನಸ್ಸಿಲ್ಲ. ಅದೇ ಶಿಕ್ಷಕರು ರಾಜ್ಯದ ವಿದ್ಯಾಗಮ ಕಾರ್ಯಕ್ರಮದ ದಿನಗಳಲ್ಲಿ ಗುಡಿಯ ಜಗಲಿ, ಮರದ ನೆರಳಿಗೆ ಹೋಗಿ ಮಕ್ಕಳನ್ನು ಗುಂಪು ಮಾಡಿದರು. ಯಾರ ಮನೆಯಲ್ಲಿ ಫೋನಿದೆ, ಯಾರ ಮನೆಯಲ್ಲಿಲ್ಲ ಎಂದು ಪಟ್ಟಿ ಮಾಡಿ ಗುಂಪು ಹೊಂದಿಸಿದ್ದು ಯಾವ ಐಸಿಟಿ ಪತ್ರಿಕೆಯೂ ಕಲಿಸದ ವಿದ್ಯೆ.

ಶುಲ್‌ಮನ್ ಹೇಳಿದ ಬೆರಕೆಗೆ ಪಠ್ಯಕ್ರಮದಲ್ಲಿ ಹೊಸ ಜಾಗವೂ ಸಿಕ್ಕಿದೆ: 2020ರ ರಾಷ್ಟ್ರೀಯ ಶಿಕ್ಷಣ ನೀತಿಯಂತೆ ನಾಲ್ಕು ವರ್ಷದ ಸಮಗ್ರ ಶಿಕ್ಷಕ ಶಿಕ್ಷಣ ಕೋರ್ಸು 2023-24ರಿಂದ ಆರಂಭವಾಗಿದೆ. ಮೈಸೂರಿನ ಪ್ರಾದೇಶಿಕ ಶಿಕ್ಷಣ ಸಂಸ್ಥೆಯವರಿಗೆ ಇದು ಹೊಸದಲ್ಲ. ಅಲ್ಲಿ 1960ರ ದಶಕದಿಂದಲೇ ವಿಷಯ ಮತ್ತು ಬೋಧನೆಯನ್ನು ಒಟ್ಟಿಗೆ ನಾಲ್ಕು ವರ್ಷ ಕಲಿಸುವ ಪದವಿ ಇತ್ತು.

ಈಗ ಪಾಠಯೋಜನೆ ಬರೆದುಕೊಡುವ ಯಂತ್ರ ಬಂದಿದೆ. ಇದರಿಂದ ನಕಲು ಹೆಚ್ಚಿತೆಂದು ಗೊಣಗುವವರು ಸೀನಿಯರ್‌ಗಳ ರೆಕಾರ್ಡು ಪುಸ್ತಕ ಕೈಯಿಂದ ಕೈಗೆ ದಾಟುತ್ತಿದ್ದ ಕಾಲ ಮರೆತಿದ್ದಾರೆ. ಮೊನ್ನೆ ಹಳಿಯಾಳದ ಕಡೆಯ ಶಾಲೆಗೆ ಇಂಟರ್ನ್‌ಶಿಪ್ಪಿಗೆ ಹೋಗಿದ್ದ ಹುಡುಗಿಯೊಬ್ಬಳು ತನ್ನ ಯೋಜನೆ ತೋರಿಸಿದಳು. ಎಲೆ ಉದುರಿಸುವ ಮರಗಳ ಪಾಠ, ಕನ್ನಡವೇನೋ ಅಚ್ಚುಕಟ್ಟು, ಅಂಗಳದ ಮೇಪಲ್ ಮರದ ಹತ್ತಿರ ಮಕ್ಕಳನ್ನು ಕರೆದೊಯ್ಯಿರಿ ಎಂದಿತ್ತು. ಅವಳು ಮೇಪಲ್ ಮೇಲೆ ಕೆಂಪು ಪೆನ್ನಿನಲ್ಲಿ ಗೀಟು ಹಾಕಿ ‘ಸಾಗುವಾನಿ’ ಎಂದು ಬರೆದಿದ್ದಳು. ಪಕ್ಕದಲ್ಲಿ ಇನ್ನೊಂದು ಟಿಪ್ಪಣಿ: ಈಗ ಎಲೆ ಉದುರಿಲ್ಲ, ಪಾಠ ಜನವರಿಗೆ.